ಕಡಲಿಗೂ ಬಾಗಿಲು ಹಾಕಿದ ದಿನಗಳು

2020ರ ಮಾರ್ಚ್ ಆರಂಭದಲ್ಲಿ ಪನಾಮಾದಿಂದ ಹಾಯಿ ಬಿಚ್ಚಿ ಪಶ್ಚಿಮಕ್ಕೆ ಹೊರಟ ದೋಣಿಗಳ ಮುಂದೆ ಪೆಸಿಫಿಕ್ ಸಾಗರದ ಸುಮಾರು 4,000 ನಾಟಿಕಲ್ ಮೈಲಿ ಇತ್ತು. ಏಳು ಸಾವಿರ ಕಿಲೋಮೀಟರಿಗೂ ಹೆಚ್ಚು. ಗಂಟೆಗೆ ಒಂಬತ್ತೋ ಹತ್ತೋ ಕಿಲೋಮೀಟರ್ ಸಾಗುವ ಹಾಯಿದೋಣಿಗೆ ಅದು ತಿಂಗಳ ದಾರಿ. ಹೊರಡುವಾಗ ಎದುರಿನ ಬಂದರುಗಳೆಲ್ಲ ತೆರೆದಿದ್ದವು. ಫ್ರೆಂಚ್ ಪಾಲಿನೇಷ್ಯಾದ ಮಾರ್ಕೇಸಸ್ ದ್ವೀಪಗಳು ಕಣ್ಣಿಗೆ ಬೀಳುವ ಹೊತ್ತಿಗೆ ಅಲ್ಲಿ ಲಾಕ್‌ಡೌನ್ ಜಾರಿಯಾಗಿತ್ತು, ಅಂತರರಾಷ್ಟ್ರೀಯ ವಿಮಾನಗಳು ನಿಂತಿದ್ದವು, ದ್ವೀಪದಿಂದ ದ್ವೀಪಕ್ಕೆ ಸುತ್ತಾಡುವುದಂತೂ ದೂರದ ಮಾತಾಗಿತ್ತು.

“ಸಮುದ್ರದ ಮೇಲೆ ಮನೆ ಮಾಡಿಕೊಂಡವರಿಗೆ ಲಾಕ್‌ಡೌನ್ ಎಲ್ಲಿಯದು, ಪುಣ್ಯವಂತರು” ಎಂಬ ಮಾತನ್ನು ಆಗಲೂ ಕೇಳಿದ್ದೇವೆ, ಈಗಲೂ ಕೇಳುತ್ತೇವೆ. ದೇಶದೇಶ ಸುತ್ತುತ್ತ ದೋಣಿಯಲ್ಲೇ ಸಂಸಾರ ಹೂಡಿದವರು ನಮಗಿಂತ ಹೆಚ್ಚಾಗಿ ನೆಲವನ್ನು ನೆಚ್ಚಿಕೊಂಡವರು ಎಂಬುದು ಈ ಮಾತಿನಲ್ಲಿ ಮರೆತೇ ಹೋಗುತ್ತದೆ. ಅಡುಗೆ ಗ್ಯಾಸಿನಿಂದ ಹಿಡಿದು ವೀಸಾದವರೆಗೆ, ತರಕಾರಿಯಿಂದ ಹಿಡಿದು ಬಿರುಗಾಳಿಯ ಕಾಲದ ಆಸರೆಯವರೆಗೆ ಎಲ್ಲಕ್ಕೂ ಯಾವುದಾದರೊಂದು ದೇಶದ ದಡ ಒಪ್ಪಬೇಕು. 2020ರಲ್ಲಿ ದಡಗಳು ಒಂದೊಂದಾಗಿ ಒಲ್ಲೆ ಎಂದವು.

“ಬಿಡಲಿಲ್ಲವೆಂದರೆ ಬಂದ ದಾರಿಯಲ್ಲೇ ವಾಪಸ್ ಹೋಗಬಹುದಿತ್ತಲ್ಲ?”

ನಕ್ಷೆ ನೋಡಿದರೆ ಹಾಗೇ ಅನಿಸುತ್ತದೆ. ಗಾಳಿ ಒಪ್ಪುವುದಿಲ್ಲ. ಆ ಭಾಗದಲ್ಲಿ ವಾಣಿಜ್ಯ ಮಾರುತಗಳು ವರ್ಷದ ಬಹುಪಾಲು ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತವೆ. ದೋಣಿಗಳು ಬಂದದ್ದೇ ಆ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು. ಯಾವ ಹಾಯಿದೋಣಿಯೂ ಗಾಳಿಗೆ ನೇರ ಎದುರಾಗಿ ಸಾಗಲಾರದು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಹೊರಳುತ್ತ ಮುಂದುವರಿಯಬೇಕು. ದಾರಿ ಬೆಳೆಯುತ್ತದೆ, ಹಗಲೂ ರಾತ್ರಿ ಅಲೆ ಮೂತಿಗೇ ಬಡಿಯುತ್ತದೆ. ಎಂಜಿನ್ ಇದೆಯಲ್ಲ ಎಂದರೆ, ಸಾಮಾನ್ಯ ದೋಣಿಯಲ್ಲಿ ತುಂಬಿಸಿಟ್ಟ ಡೀಸೆಲ್ ಕೆಲವು ನೂರು ಮೈಲಿಗೆ ಸರಿ. ತಿಂಗಳ ಪ್ರಯಾಣದಲ್ಲಿ ದಿನಸಿಯೂ ತಳ ಕಂಡಿರುತ್ತದೆ. ಇಷ್ಟೆಲ್ಲ ಸಹಿಸಿ ತಿರುಗಿದರೂ ಹಿಂದಿನ ಬಾಗಿಲು ಮುಚ್ಚಿತ್ತು: ಗಲಾಪಗೋಸ್ ದ್ವೀಪಗಳನ್ನು ಹೊಂದಿರುವ ಈಕ್ವೆಡಾರ್ ಮಾರ್ಚ್ ಮಧ್ಯದಲ್ಲೇ ಗಡಿ ಮುಚ್ಚಿತು. ಮುಂದಿದ್ದ ನ್ಯೂಜಿಲೆಂಡ್ ಮಾರ್ಚ್ 19ರಂದು ವಿದೇಶಿಯರನ್ನು ತಡೆಯಿತು.

ಸಿಕ್ಕ ಕಡೆ ಲಂಗರು ಹಾಕಿ ಕಾದರಾಯಿತು ಎನ್ನುವವರು ಪಂಚಾಂಗವನ್ನೂ ನೋಡಬೇಕು. ದಕ್ಷಿಣ ಪೆಸಿಫಿಕ್‌ನಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತಗಳ ಕಾಲ. ಅಷ್ಟರೊಳಗೆ ನ್ಯೂಜಿಲೆಂಡ್‌ಗೆ ಇಳಿದುಬಿಡುವುದು ಅಲ್ಲಿನ ದೋಣಿಯವರ ರೂಢಿ. ಕೆರಿಬಿಯನ್‌ನಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ ಹರಿಕೇನ್‌ಗಳ ಭಯ. ಆ ತಿಂಗಳುಗಳಲ್ಲಿ ದೋಣಿ ಎಲ್ಲಿರಬೇಕು ಎಂದು ವಿಮಾ ಪಾಲಿಸಿಯಲ್ಲೇ ಬರೆದಿರುತ್ತದೆ, ಗೆರೆ ದಾಟಿದರೆ ಪರಿಹಾರವಿಲ್ಲ. ಆದ್ದರಿಂದಲೇ 2020ರ ಬೇಸಿಗೆಯಲ್ಲಿ ಅಷ್ಟೊಂದು ದೋಣಿಗಳು ದಕ್ಷಿಣ ಕೆರಿಬಿಯನ್‌ನ ಸುರಕ್ಷಿತ ಜಾಗವೆನಿಸಿದ ಗ್ರೆನೆಡಾದತ್ತ ನೋಡುತ್ತ ಕುಳಿತಿದ್ದವು. ಗ್ರೆನೆಡಾ ಕ್ವಾರಂಟೈನ್ ಷರತ್ತಿನ ಮೇಲೆ ಅವುಗಳನ್ನು ಬಿಟ್ಟುಕೊಂಡಿತು. ಅದೇ ಗ್ರೆನೆಡಾವನ್ನು 2004ರ ಸೆಪ್ಟೆಂಬರ್‌ನಲ್ಲಿ ಇವಾನ್ ಚಂಡಮಾರುತ ನೆಲಸಮ ಮಾಡಿತ್ತು. ಸುರಕ್ಷಿತ ಎಂದು ಕರೆಯುವ ಜಾಗವೂ ಇಷ್ಟೇ ಸುರಕ್ಷಿತ.

“ಕಡಲು ಎಲ್ಲರದು, ಯಾರು ತಡೆದಾರು?”

ತಡೆಯಬಲ್ಲರು. ದಡದಿಂದ 12 ನಾಟಿಕಲ್ ಮೈಲಿವರೆಗಿನ ನೀರಿನ ಮೇಲೆ ಆ ದೇಶದ ಅಧಿಕಾರ ನಡೆಯುತ್ತದೆ. ದೋಣಿಯ ಹಿಂದೆ ಯಾವ ದೇಶದ ಬಾವುಟ ಹಾರುತ್ತಿದ್ದರೂ ಅಷ್ಟೇ. ವಿಶ್ವಸಂಸ್ಥೆಯ 1982ರ ಸಮುದ್ರ ಕಾನೂನು ಒಡಂಬಡಿಕೆ ಆ ನೀರಿನಲ್ಲಿ ತಂಟೆ ಮಾಡದೆ ಹಾದುಹೋಗುವ ಹಕ್ಕನ್ನು ಕೊಡುತ್ತದೆ, ಬೀಡುಬಿಡುವ ಹಕ್ಕನ್ನಲ್ಲ. ಸಹಜ ಸಂಚಾರಕ್ಕೆ ಬೇಕಾದಷ್ಟು, ಇಲ್ಲವೇ ತಪ್ಪಿಸಲಾಗದ ಅಪಾಯ ಬಂದಾಗ ಮಾತ್ರ ನಿಲ್ಲಬಹುದು. ಅಪಾಯ ನಿಜವೋ ಅಲ್ಲವೋ ಎಂದು ತೂಗುವವರು ದಡದ ಅಧಿಕಾರಿಗಳು. ಚಂಡಮಾರುತದ ಕಾಲ ಬರುತ್ತಿದೆ, ಒಳಗೆ ಬಿಡಿ ಎಂದು ನ್ಯೂಜಿಲೆಂಡ್‌ಗೆ ಹೋದ ಎಷ್ಟೋ ಅರ್ಜಿಗಳು ತಿರಸ್ಕೃತವಾದವು. ಅನುಮತಿ ಸಿಗದಿದ್ದರೂ 2020ರ ಸೆಪ್ಟೆಂಬರ್‌ನಲ್ಲಿ ಫ್ರೆಂಚ್ ಪಾಲಿನೇಷ್ಯಾದ ಟಹೀಟಿಯಿಂದ ನ್ಯೂಜಿಲೆಂಡ್‌ನ ಒಪುವಾ ಬಂದರಿಗೆ ಬಂದ ಮೂವರು ಜರ್ಮನ್ನರನ್ನು ಅಲ್ಲಿನ ಅಧಿಕಾರಿಗಳು ವಶಕ್ಕೆ ತೆಗೆದುಕೊಂಡು ದೇಶದಿಂದ ಹೊರಗೆ ಕಳಿಸಿದರು.

ಅಟ್ಲಾಂಟಿಕ್‌ನಲ್ಲೂ ಕಥೆ ಬೇರೆಯಿರಲಿಲ್ಲ. ಅರ್ಜೆಂಟೀನಾದ ಹುವಾನ್ ಮಾನುಯೆಲ್ ಬಾಯೆಸ್ತೆರೊ ಎಂಬ ನಾವಿಕ ಮುಪ್ಪಿನ ತಂದೆತಾಯಿಯ ಬಳಿ ಇರಬೇಕೆಂದು 29 ಅಡಿಯ ದೋಣಿಯಲ್ಲಿ ಪೋರ್ಚುಗಲ್‌ನ ಪೋರ್ತೊ ಸಾಂತೊ ದ್ವೀಪದಿಂದ ಒಬ್ಬನೇ ಹೊರಟ. ದಾರಿಯಲ್ಲಿ ದಿನಸಿ, ಇಂಧನಕ್ಕೆಂದು ಕೇಪ್ ವರ್ಡ್ ದ್ವೀಪಗಳಲ್ಲಿ ನಿಲ್ಲಲು ಕೇಳಿದರೆ ಬಿಡಲಿಲ್ಲ. ಇದ್ದದ್ದರಲ್ಲೇ ಸಾಗಿ, 85 ದಿನಗಳ ನಂತರ ಜೂನ್‌ನಲ್ಲಿ ಅರ್ಜೆಂಟೀನಾದ ಮಾರ್ ದೆಲ್ ಪ್ಲಾಟಾ ತಲುಪಿ, ಕೋವಿಡ್ ಪರೀಕ್ಷೆ ಮಾಡಿಸಿಕೊಂಡು ತಂದೆಯನ್ನು ಕಂಡ. ಜಗತ್ತು ಅವನ ಧೈರ್ಯವನ್ನು ಹೊಗಳಿತು, ಅದು ಸಲ್ಲಬೇಕಾದ್ದೇ. ಆದರೆ ದಡ ಬೇಡವೆಂದ ಮೇಲೆ ಒಂಟಿ ಮನುಷ್ಯನಿಗೆ ಉಳಿಯುವ ಆಯ್ಕೆಗಳೆಷ್ಟು ಎಂಬುದನ್ನೂ ಆ ಪ್ರಯಾಣ ತೋರಿಸುತ್ತದೆ.

“ಹಳದಿ ಬಾವುಟ ಏರಿಸಿದರೆ ಒಳಗೆ ರೋಗಿ ಇದ್ದಾರೆಂದು ಅರ್ಥ”

ಈಗ ಅರ್ಥ ತದ್ವಿರುದ್ಧ. ಇಂದಿನ ಅಂತರರಾಷ್ಟ್ರೀಯ ಸಂಕೇತ ಪದ್ಧತಿಯಲ್ಲಿ ಹಳದಿಯ ‘ಕ್ಯೂ’ ಬಾವುಟವೆಂದರೆ “ನನ್ನ ದೋಣಿಯಲ್ಲಿ ಎಲ್ಲರೂ ಆರೋಗ್ಯವಾಗಿದ್ದಾರೆ, ಒಳಬರಲು ಅನುಮತಿ ಕೊಡಿ” ಎಂಬ ಕೋರಿಕೆ. ಕಾಗದಪತ್ರ ಮುಗಿದ ಕೂಡಲೇ ಅದನ್ನು ಇಳಿಸುವುದು ವಾಡಿಕೆ. ಆ ವರ್ಷ ಎಷ್ಟೋ ದೋಣಿಗಳು ಅದನ್ನು ವಾರಗಟ್ಟಲೆ ಹಾರಿಸಿಕೊಂಡೇ ಇದ್ದವು, ಮತ್ತು ದಡದಲ್ಲಿ ನಿಂತವರು ಅದನ್ನು ಕಂಡು ಬೆದರಿದರು.

“ಸುತ್ತ ನೀರು, ಕೈಗೆ ಮೀನು, ಇನ್ನೇನು ಬೇಕು?”

ದೋಣಿಯ ಅಡುಗೆಮನೆಯ ಸಿಂಕಿಗೆ ಅನೇಕ ಕಡೆ ಎರಡು ಕೊಳವೆಗಳಿರುತ್ತವೆ, ಒಂದರಲ್ಲಿ ಸಮುದ್ರದ ನೀರು, ಇನ್ನೊಂದರಲ್ಲಿ ಸಿಹಿನೀರು. ಕಾಲಿನಿಂದ ಪಂಪ್ ಒತ್ತಿ ಉಪ್ಪುನೀರಿನಲ್ಲಿ ತಟ್ಟೆ ಉಜ್ಜಬೇಕು, ಕೊನೆಗೆ ಒಂದು ಲೋಟ ಸಿಹಿನೀರಿನಲ್ಲಿ ಎಲ್ಲವನ್ನೂ ಗಲಬರಿಸಬೇಕು. ಉಪ್ಪು ತೆಗೆಯುವ ಯಂತ್ರ ಇದ್ದವರಿಗೂ ನಿಶ್ಚಿಂತೆಯಿಲ್ಲ. ಬಂದರಿನ ನೀರಿನ ಎಣ್ಣೆಯೂ ಕೆಸರೂ ಅದರ ಸೂಕ್ಷ್ಮ ಪೊರೆಯನ್ನು ಹಾಳುಮಾಡುತ್ತವೆ, ಹಾಗಾಗಿ ಶುದ್ಧ ನೀರಿಗೆ ಹೊರಗೆ ಹೋಗಿಯೇ ಓಡಿಸಬೇಕು. ಆದರೆ ಲಾಕ್‌ಡೌನ್‌ನಲ್ಲಿ ಆದೇಶ ಬಂದದ್ದು “ಲಂಗರು ಎತ್ತಬೇಡಿ” ಎಂದು. ಗ್ಯಾಸ್ ಸಿಲಿಂಡರ್ ಖಾಲಿಯಾದರೆ ಬದಲಾಯಿಸುವುದೂ ಸುಲಭವಲ್ಲ, ದೇಶದಿಂದ ದೇಶಕ್ಕೆ ಅದರ ಮೂತಿಯೇ ಬೇರೆ. ಟಹೀಟಿಯ ಲಾಕ್‌ಡೌನ್‌ನಲ್ಲಂತೂ ನೀರಿಗಿಳಿದು ಈಜುವುದಕ್ಕೂ ನಿಷೇಧವಿತ್ತು. ಕೆಲವೇ ಹೆಜ್ಜೆಗಳಿಗೆ ಮುಗಿಯುವ ಮನೆಯಲ್ಲಿ ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು, ಅಲುಗಾಡುವುದು ನಿಲ್ಲದ ನೆಲದ ಮೇಲೆ, ಕೈಗೆಟುಕುವ ನೀಲಿ ನೀರನ್ನು ಮುಟ್ಟದೆ ಇರುವುದು ಎಂಥ ಕಷ್ಟವೆಂದು ತಾಯಂದಿರಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನು, ಸಮುದ್ರದಲ್ಲಿದ್ದವರಿಗೆ ಸೋಂಕೇ ತಗಲದು ಎಂಬ ಮಾತು. ಅರ್ಜೆಂಟೀನಾದ ಒಂದು ಮೀನುಗಾರಿಕೆ ಹಡಗಿನ 61 ಸಿಬ್ಬಂದಿ ಎರಡು ವಾರ ಕ್ವಾರಂಟೈನ್ ಮುಗಿಸಿಯೇ ಕಡಲಿಗಿಳಿದಿದ್ದರು. ಐದು ವಾರದ ನಂತರ ಅವರಲ್ಲಿ 57 ಮಂದಿಗೆ ಕೋವಿಡ್ ದೃಢಪಟ್ಟಿತು.

“ದ್ವೀಪದವರಿಗೆ ಕರುಣೆಯೇ ಇಲ್ಲ”

ಈ ಆರೋಪ ನನಗೆ ಎಲ್ಲಕ್ಕಿಂತ ಹೆಚ್ಚು ನೋವು ತರುತ್ತದೆ. 1918ರ ನವೆಂಬರ್ 7ರಂದು ಆಕ್ಲೆಂಡ್‌ನಿಂದ ಬಂದ ‘ತಲೂನೆ’ ಎಂಬ ಹಡಗನ್ನು ಪಶ್ಚಿಮ ಸಮೋವಾದ (ಇಂದಿನ ಸಮೋವಾ) ಬಂದರು ತಡೆಯದೆ ಒಳಬಿಟ್ಟಿತು. ಅದರಲ್ಲಿ ಇನ್‌ಫ್ಲುಯೆಂಜಾ ರೋಗಿಗಳಿದ್ದರು. ಕೆಲವೇ ವಾರಗಳಲ್ಲಿ ಸುಮಾರು 8,500 ಜನ, ಅಂದರೆ ಐವರಲ್ಲಿ ಒಬ್ಬರಿಗಿಂತ ಹೆಚ್ಚು, ತೀರಿಕೊಂಡರು. ಪಕ್ಕದ ಅಮೆರಿಕನ್ ಸಮೋವಾದಲ್ಲಿ ಗವರ್ನರ್ ಜಾನ್ ಪಾಯರ್ ಕಟ್ಟುನಿಟ್ಟಿನ ಕ್ವಾರಂಟೈನ್ ಹೇರಿದ್ದರಿಂದ ಒಂದೂ ಸಾವಾಗಲಿಲ್ಲ. ಇದು ಹಳೆಯ ಕಾಲದ ಮಾತೆನ್ನುವಂತೆಯೂ ಇಲ್ಲ: ಕೋವಿಡ್‌ಗೆ ಕೆಲವೇ ತಿಂಗಳ ಮೊದಲು, 2019ರ ಕೊನೆಯಲ್ಲಿ, ದಡಾರ ಅದೇ ಸಮೋವಾದಲ್ಲಿ 83 ಜೀವ ತೆಗೆದಿತ್ತು, ಹೆಚ್ಚಿನವರು ಪುಟ್ಟ ಮಕ್ಕಳು. ಮಾರ್ಕೇಸಸ್‌ನಲ್ಲಿ ಯಾರಾದರೂ ಗಂಭೀರವಾಗಿ ಕಾಯಿಲೆ ಬಿದ್ದರೆ ಸುಮಾರು 1,400 ಕಿಲೋಮೀಟರ್ ದೂರದ ಟಹೀಟಿಗೆ ವಿಮಾನದಲ್ಲಿ ಸಾಗಿಸಬೇಕು. ಮಾರ್ಕೇಸಸ್‌ನ ಅಜ್ಜಿಯೊಬ್ಬಳು ದಿಗಂತದಲ್ಲಿ ಹೊಸ ಹಾಯಿ ಕಂಡು ಹೆದರಿದರೆ ಆಕೆಯನ್ನು ದೂರುವ ಹಕ್ಕು ಯಾರಿಗೂ ಇಲ್ಲ.

ದೋಣಿಯವರೆಲ್ಲ ಕೋಟ್ಯಧಿಪತಿಗಳು ಎಂಬುದೂ ಸರಿಯಲ್ಲ. ಊರಿನ ಮನೆ ಮಾರಿ ಹಳೆಯ ದೋಣಿ ಕೊಂಡ ನಿವೃತ್ತರು, ದಾರಿಯಲ್ಲಿ ದುಡಿದುಕೊಂಡೇ ಸಾಗುವ ಸಂಸಾರಗಳು ಇವರಲ್ಲಿ ಬಹಳ. “ನಿಮ್ಮ ದೇಶಕ್ಕೆ ವಿಮಾನ ಹತ್ತಿ” ಎಂದರೆ ಅಂಥವರಿಗೆ ಅಲ್ಲಿ ಮನೆಯೇ ಇಲ್ಲ. ಹಾಗೆಂದು ಅವರ ಕಷ್ಟವನ್ನು ಸರಕು ಹಡಗಿನ ನೌಕರರ ಕಷ್ಟದ ಪಕ್ಕದಲ್ಲಿಟ್ಟು ಸರಿಗಟ್ಟಬಾರದು. 2020ರ ಕೊನೆಗೆ ಕರಾರು ಮುಗಿದರೂ ಹಡಗಿನಿಂದ ಇಳಿಯಲಾಗದೆ ಜಗತ್ತಿನಾದ್ಯಂತ ಸುಮಾರು 4 ಲಕ್ಷ ನಾವಿಕರು ಸಿಲುಕಿದ್ದರು. ಹಡಗಿನ ದುಡಿಮೆ ನೆಚ್ಚಿದ ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ಆ ಕಾಯುವಿಕೆ ಎಂಥದ್ದೆಂದು ಗೊತ್ತು.

ದ್ವೀಪದ ಭಯವೂ ನಿಜ, ದೋಣಿಯ ಅಗತ್ಯವೂ ನಿಜ. ಎರಡನ್ನೂ ಕಾಯಲು ಸಾಧ್ಯವೇ ಇರಲಿಲ್ಲ ಎಂಬುದು ಕೊನೆಯ ತಪ್ಪು ಕಲ್ಪನೆ. ಪೋರ್ಚುಗಲ್‌ನ ಅಝೋರ್ಸ್ ದ್ವೀಪಗಳ ಹೋರ್ತಾ ಬಂದರಿನವರು ಅಟ್ಲಾಂಟಿಕ್ ದಾಟಿ ಬಂದವರನ್ನು ದಡಕ್ಕಿಳಿಯಗೊಡಲಿಲ್ಲ, ಆದರೆ ಲಂಗರು ಹಾಕಲು ಬಿಟ್ಟು ದಿನಸಿ, ಇಂಧನ ಒದಗಿಸಿಕೊಟ್ಟರು. ಫಿಜಿ 2020ರ ಜೂನ್‌ನಲ್ಲಿ ‘ಬ್ಲೂ ಲೇನ್’ ಪ್ರಕಟಿಸಿತು: ಹೊರಡುವ ಮುನ್ನ ಪರೀಕ್ಷೆ ಮಾಡಿಸಿಕೊಂಡು ನೇರವಾಗಿ ನಮ್ಮ ಡೆನರಾವ್ ಬಂದರಿಗೆ ಬನ್ನಿ, ಕಡಲಲ್ಲಿ ಕಳೆದ ದಿನಗಳನ್ನು 14 ದಿನದ ಕ್ವಾರಂಟೈನ್‌ಗೆ ಲೆಕ್ಕ ಹಿಡಿಯುತ್ತೇವೆ, ಕಡಿಮೆ ಬಿದ್ದದ್ದನ್ನು ಇಲ್ಲಿ ಪೂರೈಸಿ, ಮತ್ತೊಮ್ಮೆ ಪರೀಕ್ಷೆಯಾಗಲಿ, ಆಮೇಲೆ ನಮ್ಮ ದ್ವೀಪಗಳಲ್ಲಿ ಓಡಾಡಿ. ಎರಡು ವಾರ ನಡುಗಡಲಲ್ಲಿ ಯಾರನ್ನೂ ಮುಟ್ಟದೆ ಬಂದ ದೋಣಿ ಹೋಟೆಲ್ ಕೋಣೆಗಿಂತ ಒಳ್ಳೆಯ ಕ್ವಾರಂಟೈನ್ ಎಂಬುದನ್ನು ಆ ಪುಟ್ಟ ದೇಶ ಬೇಗ ಕಂಡುಕೊಂಡಿತು. ನ್ಯೂಜಿಲೆಂಡ್ ವಿದೇಶಿ ಹಾಯಿದೋಣಿಗಳಿಗೆ ಬಂದರು ಪೂರ್ತಿ ತೆರೆದದ್ದು 2022ರ ಜುಲೈ ಕೊನೆಗೆ.