ಬಯಲಡುಗೆಗೆ ಹೊರಟಿರಾ? ಚಾಕು ನೀವೇ ಆರಿಸಿ

ಮಕ್ಕಳಿಗೆ ರಜೆ ಸಿಕ್ಕಿತು ಅಂದ್ರೆ ಸಾಕು, ಒಂದು ಭಾನುವಾರ ದೇವರಾಯನದುರ್ಗ, ಇನ್ನೊಂದು ಭಾನುವಾರ ಸಿದ್ಧರಬೆಟ್ಟ, ಮತ್ತೊಂದು ವಾರ ಕುಣಿಗಲ್ ಕಡೆಯ ಹುತ್ರಿದುರ್ಗ ಅಂತ ಪಟ್ಟಿ ಸಿದ್ಧವಾಗುತ್ತದೆ. ತುಮಕೂರಿನವರಾದರೆ ಗುಬ್ಬಿಯ ನೆಂಟರ ತೋಟದಲ್ಲಿ ಎರಡು ದಿನ ಇದ್ದು ಬರುವುದೂ ಉಂಟು. ಈಗಿನ ಹುಡುಗರು ಇದಕ್ಕೆ ಕ್ಯಾಂಪಿಂಗ್ ಅಂತ ಹೆಸರಿಟ್ಟಿದ್ದಾರೆ. ನಮಗೇನು ಹೊಸದಾ? ಮನೆದೇವರಿಗೆ ಹರಕೆ ತೀರಿಸಲು ಟ್ರ್ಯಾಕ್ಟರ್ ಹತ್ತಿ ಹೋಗಿ, ಹುಣಸೆಮರದಡಿ ಮೂರು ಕಲ್ಲು ಹೂಡಿ, ನೂರು ಜನಕ್ಕೆ ಅನ್ನ ಸಾರು ಮಾಡಿ ಬಡಿಸಿದ ಹೆಂಗಸರು ನಮ್ಮ ಮನೆಗಳಲ್ಲೇ ಇದ್ದಾರೆ.

ಹೊರಡುವ ಹಿಂದಿನ ರಾತ್ರಿ ಅಕ್ಕಿ, ಬೇಳೆ, ಸಾರಿನ ಪುಡಿ, ಬೆಂಕಿಪೊಟ್ಟಣ, ಎಲ್ಲವನ್ನೂ ನೆನಪಿನಿಂದ ಕಟ್ಟಿಡುತ್ತೇವೆ. ಚಾಕುವಿನ ಮಾತು ಬಂದಾಗ ಮಾತ್ರ 'ಯಾವುದೋ ಒಂದು ಇರುತ್ತೆ ಬಿಡಿ' ಅಂದುಬಿಡುತ್ತೇವೆ. ಅಲ್ಲಿ ಹೋದ ಮೇಲೆ ಪ್ಲಾಸ್ಟಿಕ್ ಹಿಡಿಯ ತರಕಾರಿ ಚಾಕುವಿನಲ್ಲಿ ಪುಳ್ಳೆ ಸೀಳಲು ಹೋಗುವುದು, ಅದು ಮುರಿಯುವುದು, ಇಲ್ಲವೇ ಜಾರಿ ಬೆರಳಿಗೆ ಬೀಳುವುದು. ದವಾಖಾನೆಯೋ, ಹತ್ತು ಹದಿನೈದು ಕಿಲೋಮೀಟರ್ ದೂರ!

ಇನ್ನೊಂದು ವಿಷಯ ಗಮನಿಸಿದ್ದೀರಾ? ಮನೆಯಲ್ಲಿ ಚಾಕು, ಮಚ್ಚು, ಈಳಿಗೆಮಣೆ ಹೆಚ್ಚು ಹಿಡಿಯುವವರು ಹೆಂಗಸರು. ಆದರೆ ತರುವವರು ಗಂಡಸರು. ಅವರ ಅಂಗೈಗೆ ಸರಿಹೋದದ್ದನ್ನು ತಂದುಕೊಡುತ್ತಾರೆ, ನಾವು ಅದಕ್ಕೇ ಹೊಂದಿಕೊಳ್ಳುತ್ತೇವೆ. ಈ ಸಲ ಅಂಗಡಿಗೋ ಕುಲುಮೆಗೋ ನೀವೇ ಹೋಗಿ. ಹೋಗುವ ಮುಂಚೆ ಈ ಕೆಲವು ವಿಷಯ ತಿಳಿದಿರಲಿ.

ಮಡಚುವ ಚಾಕು ಬೇಡವೇ?

ಕೈಚೀಲದಲ್ಲಿಟ್ಟುಕೊಂಡು ಹಣ್ಣು ಕೊಯ್ಯಲು ಮಡಚುವ ಚಾಕು ಸಾಕು. ಬಯಲಡುಗೆಗೆ, ಸೌದೆ ಸೀಳಲು ಅದು ಆಗದು. ಅದರ ಬಲವೆಲ್ಲ ಒಂದು ಸಣ್ಣ ಕೀಲಿನ ಮೇಲೆ ನಿಂತಿರುತ್ತದೆ. ಒತ್ತಿ ಕೊಯ್ಯುವಾಗ ಕೀಲು ಸಡಿಲವಾದರೆ ಅಲಗು ಮಡಚಿಕೊಂಡು ಬರುವುದು ನಿಮ್ಮ ಬೆರಳ ಮೇಲೇ. ತೆಂಗಿನಹಾಲು, ಹಣ್ಣಿನ ರಸ, ಮಣ್ಣು ಆ ಕೀಲಿನೊಳಗೆ ಸೇರಿ ತುಕ್ಕೂ ಹಿಡಿಯುತ್ತದೆ, ತೊಳೆಯಲೂ ಆಗುವುದಿಲ್ಲ. ಹಾಗಾಗಿ ಅಲಗು ಮತ್ತು ಹಿಡಿ ಒಂದೇ ಆಗಿ ನಿಂತಿರುವ, ಮಡಚದ ಚಾಕುವನ್ನೇ ಆರಿಸಿ.

ಅಂಗಡಿಯಲ್ಲಿ ಮೊದಲು ಹಿಡಿಯ ಒಳಗೇನಿದೆ ಕೇಳಿ. ಅಲಗಿನ ಕಬ್ಬಿಣ ಹಿಡಿಯ ಕೊನೆತನಕ ಹೋಗಿ, ಎರಡು ಬದಿಗೆ ಮರದ ತುಂಡು ಕೂರಿಸಿ ಮೊಳೆ ಹೊಡೆದಿದ್ದರೆ ಉತ್ತಮ. ಕೆಲವು ಚಾಕುಗಳಲ್ಲಿ ಕಬ್ಬಿಣದ ಸಣ್ಣ ಬಾಲ ಹಿಡಿಯೊಳಗೆ ಒಂದೆರಡು ಇಂಚು ಮಾತ್ರ ಹೋಗಿರುತ್ತದೆ. ತರಕಾರಿಗೆ ಪರವಾಗಿಲ್ಲ, ಸೌದೆಗೆ ಖಂಡಿತ ಬೇಡ. ಮುರಿಯುವುದು ಆ ಸಂದಿನಲ್ಲೇ.

ಉದ್ದ ಎಷ್ಟು, ದಪ್ಪ ಎಷ್ಟು?

ದೊಡ್ಡದಾದಷ್ಟೂ ಒಳ್ಳೆಯದು ಅನ್ನುವುದು ತಪ್ಪು ತಿಳಿವಳಿಕೆ. ಅಲಗು ನಾಲ್ಕರಿಂದ ಐದು ಇಂಚು, ಅಂದರೆ ನಿಮ್ಮ ಅಂಗೈ ಅಗಲಕ್ಕಿಂತ ಸ್ವಲ್ಪ ಹೆಚ್ಚು ಇದ್ದರೆ ಸಾಕು. ಈರುಳ್ಳಿಯನ್ನೂ ಹೆಚ್ಚಬಹುದು, ಹಗ್ಗವನ್ನೂ ಕೊಯ್ಯಬಹುದು, ಕಡ್ಡಿಯನ್ನೂ ಚೂಪು ಮಾಡಬಹುದು. ಬೆನ್ನಿನ ದಪ್ಪ 3ರಿಂದ 4 ಮಿಲಿಮೀಟರ್ ಇರಲಿ. ತೆಂಗಿನ ಒಣ ಎಡಮಟ್ಟೆಯ ಮೇಲೆ ಚಾಕು ಇಟ್ಟು, ಅದರ ಬೆನ್ನಿಗೆ ಸೌದೆ ತುಂಡಿನಿಂದ ಮೆಲ್ಲಗೆ ಬಡಿದರೆ ಪುಳ್ಳೆ ಸಲೀಸಾಗಿ ಸೀಳಿ ಬರುತ್ತದೆ. ಅದಕ್ಕಿಂತ ತೆಳ್ಳಗಿದ್ದರೆ ಬಾಗುತ್ತದೆ, ಹೆಚ್ಚು ದಪ್ಪವಾದರೆ ಟೊಮೆಟೊ ಕೊಯ್ಯುವ ಬದಲು ಜಜ್ಜುತ್ತದೆ.

ಎಳನೀರು ಕೆತ್ತಲು, ತೆಂಗಿನಕಾಯಿ ಒಡೆಯಲು ಈ ಚಾಕು ಬಳಸಬೇಡಿ. ಅದು ಮಚ್ಚಿನ ಕೆಲಸ. ತೋಟದಲ್ಲಿ ಮಚ್ಚು ಹೇಗೂ ಇರುತ್ತದೆ.

ಸ್ಟೀಲೋ, ಕಬ್ಬಿಣವೋ?

ಹೊಳೆಯುವ ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಕನಿಷ್ಠ ನೂರಕ್ಕೆ 10.5 ಭಾಗ ಕ್ರೋಮಿಯಂ ಇರುತ್ತದೆ. ಆದ್ದರಿಂದಲೇ ಅದಕ್ಕೆ ಬೇಗ ತುಕ್ಕು ಹಿಡಿಯುವುದಿಲ್ಲ. ನಿಂಬೆಹಣ್ಣು, ಮಾವಿನಕಾಯಿ ಹೆಚ್ಚಲು ಇದು ಅನುಕೂಲ. ಆದರೆ ಅಗ್ಗದ ಸ್ಟೀಲ್ ಚಾಕುವಿನ ಬಾಯಿ ಬೇಗ ಮೊಂಡಾಗುತ್ತದೆ.

ಕುಲುಮೆಯಲ್ಲಿ ಬಡಿದು ಮಾಡಿದ, ನಾವು ಬಾಯಿಮಾತಿನಲ್ಲಿ 'ಕಬ್ಬಿಣದ ಚಾಕು' ಅನ್ನುವುದು ನಿಜವಾಗಿ ಉಕ್ಕಿನದೇ. ಇದನ್ನು ಸಾಮಾನ್ಯ ಸಾಣೆಕಲ್ಲಿನ ಮೇಲೆ ಉಜ್ಜಿದರೂ ಬೇಗ ಹರಿತವಾಗುತ್ತದೆ. ಬಾಳೆಕಾಯಿ, ಬದನೆಕಾಯಿಯಂಥ ಒಗರು ತರಕಾರಿಗೆ ತಾಗಿದರೆ ಕಪ್ಪಾಗುತ್ತದೆ, ಒದ್ದೆ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಒರೆಸಿಡುವ ಅಭ್ಯಾಸ ನಿಮಗಿದ್ದರೆ ಇದೇ ಒಳ್ಳೆಯದು. 'ಅಯ್ಯೋ, ಅಷ್ಟೆಲ್ಲ ಯಾರು ನೋಡ್ಕೋತಾರೆ' ಅನ್ನುವವರು ದಪ್ಪ ಬೆನ್ನಿನ, ಒಳ್ಳೆಯ ಕಂಪನಿಯ ಸ್ಟೇನ್‌ಲೆಸ್ ಚಾಕು ಕೊಳ್ಳಿ.

ಉಕ್ಕು ನಮ್ಮ ಜಿಲ್ಲೆಗೆ ಹೊರಗಿನಿಂದ ಬಂದದ್ದಲ್ಲ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್, ಮಧುಗಿರಿ, ಚನ್ನರಾಯನದುರ್ಗ, ಗುಬ್ಬಿ ತಾಲ್ಲೂಕಿನ ಹಾಗಲವಾಡಿ, ನಮ್ಮ ದೇವರಾಯನದುರ್ಗದ ಸುತ್ತ ಕಬ್ಬಿಣ ತಯಾರಾಗುತ್ತಿತ್ತೆಂದು ಬರೆದಿದ್ದಾನೆ. ಮಧುಗಿರಿ, ಚನ್ನರಾಯನದುರ್ಗದ ಕಡೆ ಮಳೆಗಾಲದಲ್ಲಿ ಹಳ್ಳಗಳಲ್ಲಿ ಕೊಚ್ಚಿ ಬರುವ ಕಪ್ಪು ಮರಳೇ ಮುಖ್ಯ ಅದಿರು. ಆ ಕಬ್ಬಿಣದ ತುಂಡನ್ನು ತಂಗಡಿ ಕಡ್ಡಿ ಮತ್ತು ಹಸಿ ಎಲೆಯ ಜೊತೆ ಮಣ್ಣಿನ ಮೂಸೆಯಲ್ಲಿಟ್ಟು ಕಾಯಿಸಿದರೆ ಉಕ್ಕು. ಕಡ್ಡಿಯ ಇಂಗಾಲ ಕಬ್ಬಿಣಕ್ಕೆ ಸೇರುವುದೇ ಇದರ ಗುಟ್ಟು. ಬೇಲಿ ಪಕ್ಕ ಹಳದಿ ಹೂ ಬಿಡುವ ತಂಗಡಿ ಗಿಡ ನೋಡಿದಾಗ ಮಕ್ಕಳಿಗೆ ಈ ಕತೆ ಹೇಳಿ.

ಕುಲುಮೆಯಲ್ಲಿ ಏನು ಕೇಳಬೇಕು?

ಗುಬ್ಬಿ, ಕುಣಿಗಲ್ ಕಡೆ ಕುಲುಮೆ ಇರುವ ಊರು ನಿಮಗೆ ಗೊತ್ತಿದ್ದರೆ ಅಲ್ಲೇ ಮಾಡಿಸಿ. ಸಂಕೋಚ ಬೇಡ, 'ಆಚಾರ್ರೇ, ಇದು ಯಾವುದರಲ್ಲಿ ಮಾಡ್ತೀರಾ?' ಅಂತಲೇ ಕೇಳಿ. ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯಾದರೆ ಒಳ್ಳೆಯದು. ಅದರಲ್ಲಿ ಸುಮಾರು ನೂರಕ್ಕೆ ಅರ್ಧ ಭಾಗದಷ್ಟು ಇಂಗಾಲ ಇರುವುದರಿಂದ ಗಡಸೂ ಆಗುತ್ತದೆ, ಸುಲಭಕ್ಕೆ ಮುರಿಯುವುದೂ ಇಲ್ಲ. ಕಟ್ಟಡಕ್ಕೆ ಹಾಕುವ ಕಂಬಿ, ಕಿಟಕಿ ಪಟ್ಟಿಯಲ್ಲಿ ಮಾಡಿದ ಚಾಕು ನೋಡಲು ಹಾಗೇ ಇದ್ದರೂ ಹರಿತ ನಿಲ್ಲುವುದಿಲ್ಲ.

ಎರಡನೆಯ ಪ್ರಶ್ನೆ ಹದದ್ದು. ಕೆಂಪಗೆ ಕಾದ ಅಲಗನ್ನು ನೀರಿಗೋ ಎಣ್ಣೆಗೋ ಅದ್ದಿದರೆ ಗಾಜಿನಂತೆ ಗಡಸಾಗುತ್ತದೆ. ಹಾಗೇ ಬಿಟ್ಟರೆ ಬಿದ್ದಾಗ ಚೂರು ಎದ್ದುಹೋದೀತು. ಆದ್ದರಿಂದ ಮತ್ತೆ ಸಣ್ಣ ಶಾಖ ಕೊಡಬೇಕು. ಉಜ್ಜಿದ ಅಲಗಿನ ಮೇಲೆ ಒಣಹುಲ್ಲಿನ ಬಣ್ಣ ಬರುವಷ್ಟು, ಅಂದರೆ ಸುಮಾರು 200ರಿಂದ 230 ಡಿಗ್ರಿ ಸೆಲ್ಸಿಯಸ್. 'ಎರಡನೇ ಸಲ ಶಾಖ ಕೊಟ್ಟಿದ್ದೀರಾ?' ಅಂತ ಕೇಳಿದರೆ, ಕೊಳ್ಳುವವರಿಗೆ ವಿಷಯ ಗೊತ್ತಿದೆ ಅಂತ ಅವರಿಗೂ ಖುಷಿ.

ಇದರಿಂದಲೇ ಒಂದು ಎಚ್ಚರಿಕೆ ತಿಳಿಯಿರಿ: ಚಾಕುವಿನಿಂದ ಒಲೆಯ ಕೆಂಡ ಕೆದಕಬೇಡಿ, ಬದನೆಕಾಯಿ ಚುಚ್ಚಿ ಸುಡಬೇಡಿ. ಆ ಬಿಸಿಗೆ ಹದವೆಲ್ಲ ಇಳಿದು ಅಲಗು ಮೆದುವಾಗುತ್ತದೆ. ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲದು.

ಹಿಡಿ ನಿಮ್ಮ ಕೈಗೆ ಒಗ್ಗಲಿ

ಎಲ್ಲಕ್ಕಿಂತ ಮುಖ್ಯ ಇದು. ಹಿಡಿ ದಪ್ಪವಾದರೆ ಬೆರಳು ಪೂರ್ತಿ ಸುತ್ತುವುದಿಲ್ಲ, ಬಿಗಿ ಹಿಡಿದು ಹಿಡಿದು ಮಣಿಕಟ್ಟು ನೋಯುತ್ತದೆ. ತೆಳ್ಳಗಾದರೆ ಕೈಯೊಳಗೆ ತಿರುಗುತ್ತದೆ. ಕೊಳ್ಳುವ ಮುಂಚೆ ಹೀಗೆ ಪರೀಕ್ಷೆ ಮಾಡಿ:

* ಮುಷ್ಟಿ ಕಟ್ಟಿ ಹಿಡಿಯಿರಿ. ಬೆರಳ ತುದಿಗಳು ಹೆಬ್ಬೆರಳ ಬುಡದ ಉಬ್ಬನ್ನು ಮುಟ್ಟಿಯೂ ಮುಟ್ಟದಂತಿರಬೇಕು. ಉಗುರು ಚುಚ್ಚಬಾರದು.

* ನಾಲ್ಕೂ ಬೆರಳು ಕೂತ ಮೇಲೆ ಹಿಂದೆ ಒಂದು ಬೆರಳಷ್ಟು ಜಾಗ ಉಳಿಯಲಿ.

* ಕೈ ಒದ್ದೆ ಮಾಡಿಕೊಂಡು ಇನ್ನೊಮ್ಮೆ ಹಿಡಿಯಿರಿ. ಬಯಲಡುಗೆಯಲ್ಲಿ ಕೈ ಒಣಗಿರುವುದು ಯಾವಾಗ ಹೇಳಿ! ಜಾರಿದರೆ ಬೇರೆ ನೋಡಿ.

* ಹಿಡಿ ಮುಗಿದು ಅಲಗು ಶುರುವಾಗುವ ಕಡೆ ಸಣ್ಣ ಉಬ್ಬು ಇರಲಿ. ಬೆರಳು ಮುಂದೆ ಜಾರಿ ಬಾಯಿಗೆ ತಾಗದಂತೆ ಅದು ತಡೆಯುತ್ತದೆ.

ಕುಲುಮೆಯಲ್ಲಿ ಮಾಡಿಸುವವರು ನಿಮ್ಮ ಕೈಯನ್ನೇ ತೋರಿಸಿ, 'ಈ ಕೈಗೆ ಆಗೋ ಹಾಗೆ ಹಿಡಿ ಹಾಕಿಕೊಡಿ' ಅನ್ನಿ. ಹುಣಸೆಯಂಥ ಗಟ್ಟಿಮರ ಒಳ್ಳೆಯದು. ನುಣ್ಣಗೆ ವಾರ್ನಿಷ್ ಹೊಡೆಸಬೇಡಿ, ಜಾರುತ್ತದೆ.

ಒರೆಯಿಲ್ಲದ ಚಾಕು ಬೇಡ

ಚೀಲದಲ್ಲಿ ಪೇಪರ್ ಸುತ್ತಿ ಇಟ್ಟ ಚಾಕು ಮಕ್ಕಳ ಕೈಗೆ ಸಿಗುವುದು ಎಷ್ಟು ಹೊತ್ತು? ಚಾಕುವಿನ ಜೊತೆ ಒರೆ ಬಾರದಿದ್ದರೆ ಮನೆಯಲ್ಲೇ ಮಾಡಿ. ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಸಿ, ಅಲಗಿನ ಅಳತೆಗೆ ಎರಡು ಮಡಿಕೆ ಮಡಚಿ, ಭಾರ ಹೇರಿ ಒಣಗಿಸಿ. ಅಂಚನ್ನು ದಪ್ಪ ದಾರದಲ್ಲಿ ಒತ್ತೊತ್ತಾಗಿ ಹೊಲಿದರೆ ಒರೆ ಸಿದ್ಧ. ಗುಬ್ಬಿ ಕಡೆ ಹಾಳೆಗೇನು ಬರವೇ? ಆದರೆ ಮನೆಗೆ ಬಂದ ಮೇಲೆ ಚಾಕುವನ್ನು ಒರೆಯಲ್ಲೇ ಬಿಡಬೇಡಿ, ತೇವಕ್ಕೆ ತುಕ್ಕು ಬರುತ್ತದೆ. ತೊಳೆದು, ಒರೆಸಿ, ಕೊಬ್ಬರಿ ಎಣ್ಣೆ ತೆಳ್ಳಗೆ ಸವರಿ ಒಣ ಜಾಗದಲ್ಲಿಡಿ.

ಮಸೆಯುವಾಗ ಕಲ್ಲಿಗೆ ನೀರು ಹಾಕಿ. ಚಾಕುವನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ, ಅರ್ಧಕ್ಕೆ ಬಾಗಿಸಿ, ಮತ್ತೆ ಅದರರ್ಧಕ್ಕೆ ಬಾಗಿಸಿ. ಸುಮಾರು 20 ಡಿಗ್ರಿ ಓರೆ ಸಿಗುತ್ತದೆ. ಎರಡೂ ಬದಿ ಸಮವಾಗಿ ಮಸೆಯಿರಿ. ಮೊಂಡು ಚಾಕುವಿಗೆ ಹೆಚ್ಚು ಬಲ ಹಾಕಬೇಕು, ಬಲ ಹಾಕಿದಾಗಲೇ ಜಾರುವುದು. ಹರಿತ ಚಾಕುವೇ ಕ್ಷೇಮ.

ಕಾಡಿನಲ್ಲಿ ಕಾನೂನಿದೆ

ಚಾಕು ಕೈಲಿದೆ ಅಂತ ದೇವರಾಯನದುರ್ಗದ ಕಾಡಿನಲ್ಲಿ ಕೊಂಬೆ ಕಡಿಯುವಂತಿಲ್ಲ, ಒಲೆ ಹಚ್ಚುವಂತಿಲ್ಲ. ಮೀಸಲು ಅರಣ್ಯದಲ್ಲಿ ಎರಡೂ ಅಪರಾಧ. ಬೇಸಿಗೆಯಲ್ಲಂತೂ ಒಂದು ಕಿಡಿ ಸಾಕು, ಇಡೀ ಗುಡ್ಡ ಹೊತ್ತಿ ಉರಿಯಲು. ಬೆಟ್ಟಕ್ಕೆ ಹೋಗುವಾಗ ಬುತ್ತಿ ಕಟ್ಟಿಕೊಂಡು ಹೋಗಿ. ಒಲೆ ಹೂಡುವ ಆಸೆಯನ್ನು ನಿಮ್ಮದೋ ನೆಂಟರದೋ ತೋಟದಲ್ಲಿ ತೀರಿಸಿಕೊಳ್ಳಿ. ಒಣಗರಿ, ಚಿಪ್ಪು, ಎಡಮಟ್ಟೆ ಅಲ್ಲಿ ಬೇಕಾದಷ್ಟು.

ಚಾಕು ಒಯ್ದರೆ ಪೊಲೀಸರು ಹಿಡೀತಾರಾ ಅಂತ ಅನುಮಾನವೇ? 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಅಲಗಿನ ಚಾಕುಗಳನ್ನು ಆಯುಧಗಳ ಪಟ್ಟಿಗೆ ಸೇರಿಸಿದ್ದಾರೆ. ಮನೆಗೆಲಸ, ಬೇಸಾಯಕ್ಕೆಂದೇ ಮಾಡಿದವನ್ನು ಅದರಿಂದ ಬಿಟ್ಟಿದ್ದಾರೆ. ನಾಲ್ಕೈದು ಇಂಚಿನ ಚಾಕು ಆ ಅಳತೆಗಿಂತ ಚಿಕ್ಕದೇ. ಆದರೂ ಸೊಂಟಕ್ಕೆ ಸಿಕ್ಕಿಸಿ ಜಾತ್ರೆ, ಬಸ್ ನಿಲ್ದಾಣ ಸುತ್ತಬೇಡಿ. ಒರೆಗೆ ಹಾಕಿ, ಪಾತ್ರೆ ಚೀಲದ ತಳದಲ್ಲಿಡಿ. ವಿಮಾನದಲ್ಲಿ ಹೋಗುವವರು ಕೈಚೀಲದಲ್ಲಿ ಒಯ್ಯುವಂತಿಲ್ಲ.

ಬಳಸುವಾಗ ನೆನಪಿಡಿ

* ಕೂತು ಕೆಲಸ ಮಾಡಿ. ತೊಡೆಯ ಮೇಲಿಟ್ಟು ಕೊಯ್ಯಬೇಡಿ, ಅಲ್ಲಿ ದೊಡ್ಡ ರಕ್ತನಾಳವಿದೆ.

* ಕೈ ಚಾಚಿ ಒಂದು ಸುತ್ತು ನೋಡಿ. ಆ ಅಳತೆಯೊಳಗೆ ಮಕ್ಕಳು ಇರಬಾರದು.

* ಅಲಗು ಯಾವಾಗಲೂ ಮೈಯಿಂದ ಆಚೆಗೆ ಹೋಗಲಿ.

* ಸೀಳುವಾಗ ಸಡಿಲ ಬಳೆಗಳನ್ನು ಮೇಲಕ್ಕೇರಿಸಿ, ಸೆರಗು ಸಿಕ್ಕಿಸಿಕೊಳ್ಳಿ.

* ಚಾಕು ಕೈಯಿಂದ ಕೈಗೆ ಕೊಟ್ಟರೆ ಜಗಳ ಆಗುತ್ತೆ ಅಂತ ಹಿರಿಯರು ಹೇಳುತ್ತಾರಲ್ಲ? ಜಗಳ ಆಗುತ್ತೋ ಇಲ್ಲವೋ, ಕೆಳಗಿಟ್ಟು ತೆಗೆದುಕೊಳ್ಳುವ ಪದ್ಧತಿ ಮಾತ್ರ ಬಲು ಜಾಣತನದ್ದು.

ಕೈ ಕೊಯ್ದುಕೊಂಡರೆ?

ಗಾಬರಿ ಬೇಡ. ಶುದ್ಧ ಬಟ್ಟೆಯಿಂದ ಗಾಯವನ್ನು ಹತ್ತು ನಿಮಿಷ ಬಿಗಿಯಾಗಿ ಒತ್ತಿ ಹಿಡಿದು, ಕೈಯನ್ನು ಎದೆಗಿಂತ ಮೇಲೆ ಎತ್ತಿ. 'ನಿಂತಿತಾ' ಅಂತ ನಿಮಿಷಕ್ಕೊಮ್ಮೆ ತೆಗೆದು ನೋಡಬೇಡಿ. ಕಾಫಿಪುಡಿ, ಸುಣ್ಣ, ಮಣ್ಣು ಮೆತ್ತಬೇಡಿ. ನಿಂತ ಮೇಲೆ ಸಣ್ಣ ಗಾಯವನ್ನು ಶುದ್ಧ ನೀರು, ಸೋಪಿನಿಂದ ತೊಳೆದು ಕಟ್ಟಿ. ರಕ್ತ ನಿಲ್ಲದಿದ್ದರೆ, ಬೆರಳು ಮಡಚಲು ಬಾರದಿದ್ದರೆ, ಜೋಮು ಹಿಡಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. 108ಕ್ಕೆ ಕರೆ ಮಾಡಿ.

ಧನುರ್ವಾಯು ಬರುವುದು ತುಕ್ಕಿನಿಂದಲ್ಲ, ಮಣ್ಣು, ಸಗಣಿಯಲ್ಲಿರುವ ರೋಗಾಣುವಿನಿಂದ. ಮಣ್ಣು ತಾಗಿದ ಗಾಯವಾಗಿ, ಕೊನೆಯ ಚುಚ್ಚುಮದ್ದು ಪಡೆದು ಐದು ವರ್ಷ ದಾಟಿದ್ದರೆ ವೈದ್ಯರನ್ನು ಕೇಳಿ ಮತ್ತೊಂದು ಹಾಕಿಸಿಕೊಳ್ಳಿ. ಮೊದಲು ಟಿ.ಟಿ. ಅನ್ನುತ್ತಿದ್ದುದರ ಜಾಗದಲ್ಲಿ ಈಗ ಟಿ.ಡಿ. ಕೊಡುತ್ತಾರೆ.

ಸೀರೆ ಕೊಳ್ಳುವಾಗ ಹತ್ತು ಮಡಿಕೆ ಬಿಡಿಸಿ ನೋಡುತ್ತೇವೆ, ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ತರುತ್ತೇವೆ. ಬೆರಳಿನ ಕ್ಷೇಮ ನಿಂತಿರುವ ಚಾಕುವನ್ನು ಮಾತ್ರ ಬೇರೆಯವರ ಆಯ್ಕೆಗೆ ಬಿಡುವುದೇಕೆ? ಕೊಳ್ಳುವಾಗ ಐದು ನಿಮಿಷ ಹೆಚ್ಚು ಹಿಡಿಯಲಿ, ಅಂಗಡಿಯವರು ಗೊಣಗಿದರೆ ಗೊಣಗಲಿ. ನಿಮ್ಮ ಕೈಗೆ ಸರಿಹೋದದ್ದನ್ನೇ ತನ್ನಿ. ಚೆನ್ನಾಗಿ ನೋಡಿಕೊಂಡರೆ ನಿಮ್ಮ ಮಗಳ ಕಾಲಕ್ಕೂ ಅದು ಕೆಲಸಕ್ಕೆ ಬರುತ್ತದೆ.