ಮನೆಯ ಮೂಲೆಯಲ್ಲಿ ಹುಟ್ಟುವ ವಿಮಾನ: ವರುಷದ ದುಡಿಮೆಗೆ ನಿಮಿಷದ ಪರೀಕ್ಷೆ

ಮೈದಾನದ ಆ ತುದಿಯಲ್ಲಿ ಎಂಜಿನ್ ಗುಡುಗುತ್ತದೆ. ಹುಲ್ಲಿನ ಮೇಲೆ ಓಡುವ ವಿಮಾನ ಬಾಲವೆತ್ತಿ, ಅವಸರವಿಲ್ಲದೆ ನೆಲ ಬಿಟ್ಟು ಮೇಲೇರುತ್ತದೆ. ಒಂದು ಸುತ್ತು ಹಾಕಿ ಬಂದು, ರೆಕ್ಕೆಯನ್ನು ಗಾಳಿಗೆ ವಾಲಿಸಿ ಮೆಲ್ಲಗೆ ಇಳಿಯುತ್ತದೆ. ದೂರದಿಂದ ನೋಡಿದವರಿಗೆ ಅದು ನಿಜವಾದ ವಿಮಾನವೇ. ಪಕ್ಕದಲ್ಲಿ ಮನುಷ್ಯನೊಬ್ಬ ಬಂದು ನಿಂತಾಗಲಷ್ಟೇ ಗುಟ್ಟು ರಟ್ಟಾಗುತ್ತದೆ. ವಿಮಾನದ ಬೆನ್ನು ಆತನ ಮೊಣಕಾಲಿಗಿಂತ ತುಸು ಮೇಲಕ್ಕಿದೆ, ಅಷ್ಟೇ. ಒಳಗೆ ಕುಳಿತಿರುವ ಚಾಲಕ ಬೊಂಬೆ. ನಿಜವಾದ ಚಾಲಕ ನೆಲದ ಮೇಲೆ, ಕೈಯಲ್ಲಿ ರೇಡಿಯೊ ಪೆಟ್ಟಿಗೆ ಹಿಡಿದು ನಿಂತಿದ್ದಾನೆ.

ನೈಜ ವಿಮಾನವೊಂದರ ಅಳತೆಗಳನ್ನು ನಿಗದಿತ ಪ್ರಮಾಣದಲ್ಲಿ ಕುಗ್ಗಿಸಿ, ನಕ್ಷೆಯಿಂದ ಹಿಡಿದು ಬಣ್ಣದವರೆಗೆ ಎಲ್ಲವನ್ನೂ ತಾನೇ ಮಾಡಿ ಹಾರಿಸುವ ಈ ಹವ್ಯಾಸಕ್ಕೆ 'ಸ್ಕ್ರ್ಯಾಚ್ ಬಿಲ್ಡಿಂಗ್' ಎಂಬ ಹೆಸರು ರೂಢಿಯಲ್ಲಿದೆ. ಬ್ರಿಟನ್ ಮತ್ತು ಅಮೆರಿಕದಲ್ಲಿ ಇದು ಆಳವಾಗಿ ಬೇರು ಬಿಟ್ಟಿದೆ. ಕಾರ್ಖಾನೆಯಲ್ಲಿ ತಯಾರಾಗಿ, ರೆಕ್ಕೆ ಜೋಡಿಸಿದರೆ ಹಾರಲು ಸಿದ್ಧವಾಗುವ ಮಾದರಿಗಳು ಇಂದು ಪೆಟ್ಟಿಗೆಯಲ್ಲಿ ಮನೆಬಾಗಿಲಿಗೇ ಬರುತ್ತವೆ. ಹಾಗಿರುವಾಗ ವರ್ಷಗಟ್ಟಲೆ ಕುಳಿತು ಕೈಯಾರೆ ಕಟ್ಟುವವರು ಏಕಿದ್ದಾರೆ? ಅದೂ ಅಷ್ಟು ದೊಡ್ಡದಾಗಿ ಏಕೆ? ಉತ್ತರದ ಒಂದು ಪಾಲು ಭೌತಶಾಸ್ತ್ರದಲ್ಲಿದೆ, ಇನ್ನೊಂದು ಪಾಲು ಮನುಷ್ಯ ಸ್ವಭಾವದಲ್ಲಿದೆ.

ದೊಡ್ಡದು ಎಂದರೆ ಎಷ್ಟು ದೊಡ್ಡದು?

ಅಮೆರಿಕದ ಅಂತಾರಾಷ್ಟ್ರೀಯ ಮಿನಿಯೇಚರ್ ಏರ್‌ಕ್ರಾಫ್ಟ್ ಸಂಘವು ಬಹಳ ಕಾಲದಿಂದ ಬಳಸುತ್ತಿರುವ ಅಳತೆಗೋಲು ಸರಳವಾಗಿದೆ. ಒಂದೇ ಜೋಡಿ ರೆಕ್ಕೆಯ ವಿಮಾನವಾದರೆ ರೆಕ್ಕೆಯ ಒಟ್ಟು ಉದ್ದ 80 ಅಂಗುಲ, ಎರಡು ಜೋಡಿ ರೆಕ್ಕೆಯದಾದರೆ 60 ಅಂಗುಲ ದಾಟಬೇಕು. ನೈಜ ವಿಮಾನದ ನಾಲ್ಕನೇ ಒಂದು ಅಳತೆಯ ಮಾದರಿಯೂ 'ದೈತ್ಯ' ಎನಿಸಿಕೊಳ್ಳುತ್ತದೆ.

ಲೆಕ್ಕ ಅರ್ಥವಾಗಲು ನಮ್ಮದೇ ವಿಮಾನವೊಂದನ್ನು ತೆಗೆದುಕೊಳ್ಳಬಹುದು. ಡಾ. ವಿ.ಎಂ. ಘಾಟ್ಗೆ ಅವರ ನೇತೃತ್ವದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಕಾರ್ಖಾನೆಯಲ್ಲಿ ರೂಪುಗೊಂಡು, 1951ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ ಹಾರಿದ ತರಬೇತಿ ವಿಮಾನ ಎಚ್‌ಟಿ-2. ಅದರ ರೆಕ್ಕೆಯ ಉದ್ದ 10.72 ಮೀಟರ್. ಪೂರ್ಣ ಭಾರ ಹೊತ್ತಾಗ ತೂಕ ಸುಮಾರು 1,016 ಕಿಲೋ. ಇದನ್ನು ನಾಲ್ಕನೇ ಒಂದು ಅಳತೆಗೆ ಇಳಿಸಿದರೆ ರೆಕ್ಕೆ 2.68 ಮೀಟರ್ ಆಗುತ್ತದೆ.

ಹಾಗಾದರೆ ತೂಕವೂ ನಾಲ್ಕನೇ ಒಂದಾಗಿ 254 ಕಿಲೋ ಆಗಬೇಕಲ್ಲವೇ? ಇಲ್ಲ. ಉದ್ದ, ಅಗಲ, ಎತ್ತರ ಮೂರೂ ನಾಲ್ಕನೇ ಒಂದಾದಾಗ ಗಾತ್ರವು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ತೂಕವೂ ಅದೇ ಪ್ರಮಾಣದಲ್ಲಿ ಇಳಿದು 16 ಕಿಲೋದ ಆಸುಪಾಸಿಗೆ ಬರುತ್ತದೆ. ರೆಕ್ಕೆಯ ವಿಸ್ತೀರ್ಣ ಮಾತ್ರ 16ರಲ್ಲಿ ಒಂದು ಪಾಲಿಗಷ್ಟೇ ಇಳಿಯುತ್ತದೆ. ಎಂದರೆ ರೆಕ್ಕೆಯ ಪ್ರತಿ ಚದರ ಮೀಟರ್ ಹೊರಬೇಕಾದ ಭಾರ ನೈಜ ವಿಮಾನದ ಕಾಲುಭಾಗ ಮಾತ್ರ. ಆದ್ದರಿಂದ ಮಾದರಿಯು ನೈಜ ವಿಮಾನದ ಅರ್ಧ ವೇಗದಲ್ಲೇ ಹಾರಬಲ್ಲದು.

ಇನ್ನೂ ಒಂದು ಸೂಕ್ಷ್ಮವಿದೆ. ವೇಗ ಅರ್ಧವಾದರೂ ಒಡಲಿನ ಉದ್ದ ಕಾಲುಭಾಗವಾಗಿರುವುದರಿಂದ, ತನ್ನ ಒಡಲಿಗೆ ಹೋಲಿಸಿದರೆ ಮಾದರಿಯು ಮೂಲ ವಿಮಾನದ ಎರಡು ಪಟ್ಟು ಚುರುಕಾಗಿ ಸಾಗಿದಂತೆ ಕಣ್ಣಿಗೆ ತೋರುತ್ತದೆ. ಅದೇ ವಿಮಾನವನ್ನು ಹದಿನಾರನೇ ಒಂದು ಅಳತೆಗೆ ಇಳಿಸಿದರೆ ಈ ಚುರುಕು ನಾಲ್ಕು ಪಟ್ಟಾಗುತ್ತದೆ. ಸಣ್ಣ ಮಾದರಿಗಳು ನೊಣದಂತೆ ಗಿರಕಿ ಹೊಡೆಯುವುದಕ್ಕೂ ದೊಡ್ಡವು ಹದ್ದಿನಂತೆ ಗಂಭೀರವಾಗಿ ತೇಲುವುದಕ್ಕೂ ಇದೇ ಕಾರಣ. ನಿಜದಂತೆ ಕಾಣಬೇಕಾದರೆ ದೊಡ್ಡದಾಗಿಯೇ ಕಟ್ಟಬೇಕು.

ನಕ್ಷೆಯಿಂದ ರೆಕ್ಕೆಯವರೆಗೆ

ಕೆಲಸ ಆರಂಭವಾಗುವುದು ಗರಗಸದಿಂದಲ್ಲ, ಕಾಗದದಿಂದ. ಮುಂದಿನಿಂದ, ಬದಿಯಿಂದ, ಮೇಲಿನಿಂದ ನೋಡಿದಂತೆ ಬರೆದ ಮೂರು ನೋಟಗಳ ನಕ್ಷೆ ಬೇಕು. ನಕ್ಷೆಗಳಲ್ಲೂ ತಪ್ಪುಗಳಿರುತ್ತವೆ. ಆದ್ದರಿಂದ ವಸ್ತುಸಂಗ್ರಹಾಲಯಗಳಲ್ಲಿ ನಿಂತಿರುವ ವಿಮಾನಗಳ ಫೋಟೊ ತೆಗೆದು, ಸಾಧ್ಯವಾದರೆ ಅಳತೆ ಹಿಡಿದು ತಾಳೆ ನೋಡುವುದು ರೂಢಿ. ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಂತಹ ತಾಣ ಸಾಮಾನ್ಯ ಪ್ರವಾಸಿಗೆ ಒಂದು ಗಂಟೆಯ ಕಾಲಕ್ಷೇಪ. ಮಾದರಿ ಕಟ್ಟುವವನಿಗೆ ಅದು ದಿನವಿಡೀ ಓದಬೇಕಾದ ಗ್ರಂಥ. ಚಕ್ರದ ಕಾಲು ಎಲ್ಲಿ ಬಾಗಿದೆ, ಮೊಳೆಗಳ ಸಾಲು ಎಷ್ಟು ಅಂತರದಲ್ಲಿದೆ, ಹೊಗೆ ಕೊಳವೆಯ ಹಿಂದೆ ಮಸಿ ಹೇಗೆ ಹರಡಿದೆ ಎಂಬುದೆಲ್ಲ ಅವನಿಗೆ ಬೇಕು.

ಒಡಲಿಗೆ ಹೆಚ್ಚಾಗಿ ಬಳಸುವುದು ಬಾಲ್ಸಾ ಮರ ಮತ್ತು ಹಗುರ ಪ್ಲೈವುಡ್. ಬಾಲ್ಸಾ ಬಹುಪಾಲು ಬರುವುದು ದಕ್ಷಿಣ ಅಮೆರಿಕದ ಈಕ್ವೆಡಾರ್‌ನಿಂದ. ಉಗುರು ಒತ್ತಿದರೆ ಗುರುತು ಮೂಡುವಷ್ಟು ಮೆದುವಾದರೂ, ತೂಕಕ್ಕೆ ಹೋಲಿಸಿದರೆ ಅದರ ಬಲ ಅಚ್ಚರಿ ಹುಟ್ಟಿಸುತ್ತದೆ. ರೆಕ್ಕೆಯ ಉದ್ದಕ್ಕೂ ಸಾಗುವ ಸ್ಪಾರ್ ಅದರ ಬೆನ್ನೆಲುಬು. ಅದಕ್ಕೆ ಸ್ಪ್ರೂಸ್‌ನಂತಹ ಗಟ್ಟಿ ಮರ ಬೇಕು. ಪಕ್ಕೆಲುಬುಗಳಂತೆ ಅಡ್ಡಕ್ಕೆ ಕೂರುವ ರಿಬ್‌ಗಳು ರೆಕ್ಕೆಗೆ ಆಕಾರ ಕೊಡುತ್ತವೆ. ರೆಕ್ಕೆಯನ್ನು ಬಿಚ್ಚಿ ಜೋಡಿಸಲು ಅಲ್ಯೂಮಿನಿಯಂ ಅಥವಾ ಕಾರ್ಬನ್ ಕೊಳವೆ ಇರುತ್ತದೆ. ಎಷ್ಟೇ ದೊಡ್ಡ ವಿಮಾನವಾದರೂ ಕೊನೆಗೆ ಮನೆಯ ಬಾಗಿಲು ದಾಟಿ ವಾಹನದೊಳಗೆ ಕೂರಬೇಕಷ್ಟೇ!

ಲೋಹದ ಹೊದಿಕೆಯ ವಿಮಾನವಾದರೆ ಕೆಲವರು ಒಂದು ವಿಶಿಷ್ಟ ಉಪಾಯ ಮಾಡುತ್ತಾರೆ. ಆಫ್‌ಸೆಟ್ ಮುದ್ರಣ ಯಂತ್ರಗಳಲ್ಲಿ ಬಳಸಿ ಬಿಟ್ಟ ತೆಳು ಅಲ್ಯೂಮಿನಿಯಂ ಪ್ಲೇಟುಗಳನ್ನು ಕತ್ತರಿಸಿ ಮರದ ಮೇಲೆ ಅಂಟಿಸುತ್ತಾರೆ. ನಿನ್ನೆಯ ಸುದ್ದಿ ಅಚ್ಚಾದ ತಗಡು ನಾಳೆ ಯುದ್ಧವಿಮಾನದ ಚರ್ಮವಾಗುತ್ತದೆ. ಮೊಳೆಗಳ ತಲೆ ತೋರಿಸಲು ಒಂದೊಂದೇ ಹನಿ ಅಂಟನ್ನು ಸಾಲಾಗಿ ಇಡುವವರಿದ್ದಾರೆ. ಇಂತಹ ಹನಿಗಳ ಸಂಖ್ಯೆ ಸಾವಿರಗಳನ್ನು ದಾಟುತ್ತದೆ.

ದೊಡ್ಡ ಮಾದರಿಗಳ ಎಂಜಿನ್‌ಗಳ ಮೂಲ ಆಕಾಶದಲ್ಲಿಲ್ಲ, ತೋಟದಲ್ಲಿದೆ. ಮರ ಕೊಯ್ಯುವ ಗರಗಸ ಹಾಗೂ ಕಳೆ ಕತ್ತರಿಸುವ ಯಂತ್ರಗಳ ಎರಡು-ಸ್ಟ್ರೋಕ್ ಪೆಟ್ರೋಲ್ ಎಂಜಿನ್‌ಗಳನ್ನೇ ಮಾರ್ಪಡಿಸಿ ಮೊದಲು ಬಳಸಲಾಯಿತು. ಮಾದರಿಗಳಿಗೆಂದೇ ತಯಾರಾದವು ನಂತರ ಬಂದವು. ಮಲೆನಾಡಿನ ಅಡಿಕೆ ತೋಟದಲ್ಲಿ ಕೇಳುವ ಸದ್ದಿಗೂ ಇದಕ್ಕೂ ನಂಟಿದೆ.

ಬಾಲದ ಗ್ರಾಂ, ಮೂಗಿನ ಕಿಲೋ

ಅಂದಕ್ಕಿಂತ ಮುಖ್ಯವಾದುದು ಸಮತೋಲ. ವಿಮಾನದ ಗುರುತ್ವ ಕೇಂದ್ರ ರೆಕ್ಕೆಯ ಮುಂಭಾಗದ ನಿರ್ದಿಷ್ಟ ಜಾಗದಲ್ಲಿ ಬೀಳಬೇಕು. ಅದು ಹಿಂದೆ ಸರಿದರೆ ಮೂಗು ತಾನಾಗಿಯೇ ಮೇಲೇಳತೊಡಗಿ ವಿಮಾನ ಹಿಡಿತಕ್ಕೆ ಸಿಗುವುದಿಲ್ಲ. ಮೂಗು ಗಿಡ್ಡ, ಬಾಲ ಉದ್ದವಿರುವ ವಿಮಾನಗಳಲ್ಲಿ ಇದು ದೊಡ್ಡ ತಲೆನೋವು. ಬಾಲ ಮೂಗಿಗಿಂತ ಮೂರು ಪಟ್ಟು ದೂರದಲ್ಲಿದ್ದರೆ, ಬಾಲದಲ್ಲಿ ಹೆಚ್ಚಾದ 100 ಗ್ರಾಂ ಸರಿದೂಗಿಸಲು ಮೂಗಿನಲ್ಲಿ 300 ಗ್ರಾಂ ಸೀಸ ತುಂಬಬೇಕು. ಒಟ್ಟು ತೂಕ 400 ಗ್ರಾಂ ಏರುತ್ತದೆ. ಆದ್ದರಿಂದಲೇ ಅನುಭವಿಗಳು ಬಾಲದ ಭಾಗಕ್ಕೆ ಬಣ್ಣ ಬಳಿಯುವಾಗಲೂ ತಕ್ಕಡಿ ಪಕ್ಕದಲ್ಲಿಟ್ಟುಕೊಳ್ಳುತ್ತಾರೆ.

ರೆಕ್ಕೆ, ಬಾಲಗಳ ಚಲಿಸುವ ಅಂಚುಗಳನ್ನು ತಿರುಗಿಸುವುದು ಸರ್ವೋ ಎಂಬ ಪುಟ್ಟ ಮೋಟಾರುಗಳು. ಅವುಗಳ ಜೋಡಣೆಯಲ್ಲಿ ತುಸು ಸಡಿಲವಿದ್ದರೂ ವೇಗ ಹೆಚ್ಚಿದಾಗ ಅಂಚು ಪಟಪಟನೆ ಕಂಪಿಸತೊಡಗುತ್ತದೆ. 'ಫ್ಲಟರ್' ಎಂದು ಕರೆಯುವ ಈ ಕಂಪನ ಕ್ಷಣಾರ್ಧದಲ್ಲಿ ಬಾಲವನ್ನೇ ಕಿತ್ತೊಗೆಯಬಲ್ಲದು. ಪೆಟ್ಟಿಗೆಯಲ್ಲಿ ಕೊಂಡ ಮಾದರಿಯಾದರೆ ತಯಾರಕನನ್ನು ದೂರಬಹುದು. ತಾನೇ ನಕ್ಷೆ ಬರೆದು, ತಾನೇ ಅಂಟು ಹಚ್ಚಿದವನಿಗೆ ಆ ಸೌಲಭ್ಯವಿಲ್ಲ. ವಿನ್ಯಾಸಕಾರ, ಬಡಗಿ, ತಪಾಸಣಾಧಿಕಾರಿ, ಚಾಲಕ ನಾಲ್ವರೂ ಅವನೇ. ಈ ಹೊಣೆಗಾರಿಕೆಯೇ ಹವ್ಯಾಸದ ಸೆಳೆತವೂ ಹೌದು, ಅಂಜಿಕೆಯೂ ಹೌದು.

ಕೈಕೆಲಸಕ್ಕೆ ಸ್ಪರ್ಧೆಗಳಲ್ಲೂ ಮಾನ್ಯತೆಯಿದೆ. ಅಂತಾರಾಷ್ಟ್ರೀಯ ವಾಯುಕ್ರೀಡಾ ಒಕ್ಕೂಟದ ಎಫ್‌4ಸಿ ವಿಭಾಗದಲ್ಲಿ ಹಾರಿಸುವವನೇ ಮಾದರಿಯನ್ನು ಕಟ್ಟಿರಬೇಕು. ಮೊದಲು ನೆಲದ ಮೇಲೆ ನಿಲ್ಲಿಸಿ ಮೂಲ ವಿಮಾನದ ಫೋಟೊ, ನಕ್ಷೆಗಳೊಂದಿಗೆ ಹೋಲಿಸಿ ಅಂಕ ನೀಡಲಾಗುತ್ತದೆ. ಹಾರಾಟದ ಅಂಕ ಪ್ರತ್ಯೇಕ.

ಆಟಿಕೆಯಲ್ಲ, ಅಪಾಯವೂ ಉಂಟು

ನಿಜದಂತೆ ಹಾರಲು ಕಾರಣವಾಗುವ ತೂಕವೇ ಅಪಾಯಕ್ಕೂ ಕಾರಣ. 16 ಕಿಲೋ ಎಂದರೆ ಹೆಚ್ಚುಕಡಿಮೆ ಮನೆಯ ಖಾಲಿ ಅಡುಗೆ ಅನಿಲ ಸಿಲಿಂಡರ್‌ನ ತೂಕ. ಅದು ಗಂಟೆಗೆ 72 ಕಿ.ಮೀ. ವೇಗದಲ್ಲಿ ಬಂದು ಬಡಿದರೆ, ಆರು ಮಹಡಿ ಕಟ್ಟಡದ ತಾರಸಿಯಿಂದ ಸಿಲಿಂಡರ್ ಕೆಳಗೆ ಬಿದ್ದಷ್ಟೇ ಹೊಡೆತ. ಮುಂದೆ ತಿರುಗುವ ಪ್ರೊಪೆಲ್ಲರ್‌ನ ಅಪಾಯ ಬೇರೆಯೇ. ಹಗುರ ಯಂತ್ರಗಳೂ ಪ್ರಾಣ ತೆಗೆದಿವೆ. 2013ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ 19 ವರ್ಷದ ಯುವಕನೊಬ್ಬ ತಾನೇ ಹಾರಿಸುತ್ತಿದ್ದ ಮಾದರಿ ಹೆಲಿಕಾಪ್ಟರ್‌ನ ತಿರುಗುವ ರೆಕ್ಕೆ ತಗುಲಿ ಮೃತಪಟ್ಟಿದ್ದ.

ಈ ಕಾರಣಕ್ಕೇ ದೊಡ್ಡ ಮಾದರಿಗಳಲ್ಲಿ ಎಲ್ಲವೂ ಜೋಡಿ. ಎರಡು ಬ್ಯಾಟರಿ, ಹಲವು ಬಾರಿ ಎರಡು ರಿಸೀವರ್. ರೇಡಿಯೊ ಸಂಪರ್ಕ ಕಡಿದುಹೋದರೆ ಎಂಜಿನ್ ತಾನಾಗಿಯೇ ವೇಗ ತಗ್ಗಿಸುವ ವ್ಯವಸ್ಥೆ ಇರುತ್ತದೆ. ನೆಲದಿಂದಲೇ ಎಂಜಿನ್ ನಿಲ್ಲಿಸುವ ಸ್ವಿಚ್ಚೂ ಇರುತ್ತದೆ. ಹಿಂದೆ ಒಂದೇ ಮೈದಾನದಲ್ಲಿ ಇಬ್ಬರು ಒಂದೇ ಚಾನೆಲ್‌ನಲ್ಲಿ ರೇಡಿಯೊ ಚಾಲೂ ಮಾಡಿದರೆ ಆಕಾಶದಲ್ಲಿದ್ದ ವಿಮಾನ ನೆಲ ಕಚ್ಚುತ್ತಿತ್ತು. 2005ರ ನಂತರ ಬಳಕೆಗೆ ಬಂದ 2.4 ಗಿಗಾಹರ್ಟ್ಸ್ ರೇಡಿಯೊಗಳು ಆ ಭಯವನ್ನು ಬಹುಮಟ್ಟಿಗೆ ದೂರ ಮಾಡಿವೆ.

ಬ್ರಿಟನ್‌ನಲ್ಲಿ 25 ಕಿಲೋ ಮೀರಿದ ಮಾದರಿಗೆ ನಾಗರಿಕ ವಿಮಾನಯಾನ ಪ್ರಾಧಿಕಾರದ ಅನುಮತಿ ಬೇಕು. ಇದಕ್ಕೆ ಸಂಬಂಧಿಸಿದ ಯೋಜನೆಯನ್ನು ಲಾರ್ಜ್ ಮಾಡೆಲ್ ಅಸೋಸಿಯೇಷನ್ ನಡೆಸುತ್ತದೆ. ತಪಾಸಕರು ನೋಡುವುದು ಮಿರುಗುವ ಬಣ್ಣವನ್ನಲ್ಲ. ಹೊದಿಕೆ ಹಾಕುವ ಮುನ್ನವೇ ಒಳಗಿನ ಮರ, ಅಂಟು, ಜೋಡಣೆಗಳ ಪರೀಕ್ಷೆಯಾಗುತ್ತದೆ. ನಂತರ ಪರೀಕ್ಷಾ ಹಾರಾಟ ನಡೆಯಬೇಕು. ಇದೆಲ್ಲ ಮುಗಿಯದೆ ಜನರ ಮುಂದೆ ಹಾರಿಸುವಂತಿಲ್ಲ.

ಭಾರತದಲ್ಲಿ 2021ರ ಆಗಸ್ಟ್‌ನಲ್ಲಿ ಹೊರಬಂದ ಡ್ರೋನ್ ನಿಯಮಗಳು ಮಾದರಿ ವಿಮಾನಗಳನ್ನೂ ಗುರುತಿಸಿವೆ. 25 ಕಿಲೋ ಮೀರದ, ಶಿಕ್ಷಣ, ಸಂಶೋಧನೆ, ಪರೀಕ್ಷೆ ಅಥವಾ ಮನರಂಜನೆಗಷ್ಟೇ ಬಳಸುವ, ಕಣ್ಣಳತೆಯೊಳಗೇ ಹಾರಿಸುವ ಯಂತ್ರ ಈ ವ್ಯಾಖ್ಯೆಯೊಳಗೆ ಬರುತ್ತದೆ. ಇಂತಹವಕ್ಕೆ ಟೈಪ್ ಸರ್ಟಿಫಿಕೇಟ್ ಕಡ್ಡಾಯವಲ್ಲ. ಆದರೆ ಎಲ್ಲೆಂದರಲ್ಲಿ ಹಾರಿಸುವಂತಿಲ್ಲ. ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಲಾಗಿದೆ. ವಿಮಾನ ನಿಲ್ದಾಣದ ಸುತ್ತಲಿನ 8 ಕಿ.ಮೀ. ಒಳಗೆ ಪೂರ್ವಾನುಮತಿಯಿಲ್ಲದೆ ಹಾರಾಟ ಸಲ್ಲದು. ದೇವನಹಳ್ಳಿ, ಯಲಹಂಕ, ಜಕ್ಕೂರು, ಎಚ್‌ಎಎಲ್ ಎಂದು ನಾಲ್ಕಾರು ಓಡುದಾರಿಗಳಿರುವ ಬೆಂಗಳೂರಿನ ಹವ್ಯಾಸಿಗೆ ನಗರದಾಚೆಯ ಬಯಲೇ ಗತಿ.

ಎಚ್‌ಟಿ-2ರ ಲೆಕ್ಕ ಇಲ್ಲಿ ಮತ್ತೆ ನೆನಪಾಗುತ್ತದೆ. ನಾಲ್ಕನೇ ಒಂದು ಅಳತೆಯಲ್ಲಿ 16 ಕಿಲೋ ಇದ್ದ ಮಾದರಿ, ಮೂರನೇ ಒಂದು ಅಳತೆಗೆ ಏರಿದರೆ ಲೆಕ್ಕದ ಪ್ರಕಾರ 37 ಕಿಲೋ ದಾಟಿ, ನಿಯಮದ ವ್ಯಾಖ್ಯೆಯ ಹೊರಗೇ ಹೋಗುತ್ತದೆ. ರೆಕ್ಕೆ ಬೆಳೆದದ್ದು ಒಂದು ಮೀಟರ್‌ಗೂ ಕಡಿಮೆ, ತೂಕ ಏರಿದ್ದು ಎರಡು ಪಟ್ಟಿಗೂ ಹೆಚ್ಚು. 25 ಕಿಲೋ ಒಳಗಿನ ಮಾದರಿಯ ಅಂಟು ಸರಿಯಾಗಿ ಹಿಡಿದಿದೆಯೇ ಎಂದು ನೋಡಲು ಸರ್ಕಾರದ ಯಾವ ಅಧಿಕಾರಿಯೂ ಬರುವುದಿಲ್ಲ. ಆ ಕೆಲಸ ಕಟ್ಟಿದವನ ಆತ್ಮಸಾಕ್ಷಿಗೂ ಜೊತೆಗಾರರ ಕಣ್ಣಿಗೂ ಬಿಟ್ಟದ್ದು.

ಮೊದಲ ಹಾರಾಟದ ದಿನ

'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂಬ ಗಾದೆ ಈ ಹವ್ಯಾಸಿಗಳಿಗೆ ಅನ್ವಯಿಸುವಷ್ಟು ಬೇರಾರಿಗೂ ಅನ್ವಯಿಸದೇನೋ. ಈ ಶತಮಾನದ ಮೊದಲ ದಶಕದಲ್ಲಿ ಬ್ರಿಟನ್‌ನಲ್ಲಿ ಎಂಟು ಕಿರು ಜೆಟ್ ಎಂಜಿನ್‌ಗಳ ದೈತ್ಯ ಬಿ-52 ಬಾಂಬರ್ ಮಾದರಿಯೊಂದು ಹಾರಿ ಎಲ್ಲರ ಗಮನ ಸೆಳೆದಿತ್ತು. ಅದು ಕೊನೆಗೆ ಉರುಳಿಬಿದ್ದು ಬೆಂಕಿಗೆ ಆಹುತಿಯಾಯಿತು. ದೀರ್ಘಕಾಲದ ದುಡಿಮೆ ಕೆಲವೇ ಕ್ಷಣಗಳಲ್ಲಿ ಮುಗಿದುಹೋಗಿತ್ತು.

ಆದ್ದರಿಂದಲೇ ಮೊದಲ ಹಾರಾಟಕ್ಕೆ ಮುನ್ನ ಅನುಭವಿಗಳು ಅವಸರಪಡುವುದಿಲ್ಲ. ರೇಡಿಯೊ ಎಷ್ಟು ದೂರದವರೆಗೆ ಕೆಲಸ ಮಾಡುತ್ತದೆಂದು ಎಂಜಿನ್ ನಿಲ್ಲಿಸಿ ಒಮ್ಮೆ, ಓಡಿಸಿ ಒಮ್ಮೆ ಪರೀಕ್ಷಿಸುತ್ತಾರೆ. ಪ್ರತಿ ತಿರುಪನ್ನೂ ಬೆರಳಿನಿಂದ ಮುಟ್ಟಿ ನೋಡುತ್ತಾರೆ. ಅಂಚುಗಳು ಸರಿಯಾದ ದಿಕ್ಕಿಗೇ ತಿರುಗುತ್ತಿವೆಯೇ ಎಂದು ತಾವು ನೋಡಿದ ಮೇಲೂ ಮತ್ತೊಬ್ಬರಿಂದ ನೋಡಿಸುತ್ತಾರೆ. ಗಾಳಿ ಸರಿಯಿಲ್ಲವೆಂದರೆ ವಿಮಾನವನ್ನು ಬಿಚ್ಚಿ, ವಾಹನಕ್ಕೆ ತುಂಬಿ, ಹಾರಿಸದೆಯೇ ಮನೆಗೆ ಮರಳುತ್ತಾರೆ. ಎರಡು ವರ್ಷ ಕಾದವನಿಗೆ ಇನ್ನೊಂದು ವಾರ ದೊಡ್ಡದಲ್ಲ.

ಕೊಂಡ ವಿಮಾನ ಬಿದ್ದರೆ ಹೋಗುವುದು ಹಣ. ಕಟ್ಟಿದ ವಿಮಾನ ಬಿದ್ದರೆ ಹಣದೊಂದಿಗೆ ಹೋಗುವುದು ಸಂಜೆಗಳು, ರಜಾದಿನಗಳು, ನಿದ್ದೆಗೆಟ್ಟ ರಾತ್ರಿಗಳು. ಆದರೂ ಅವಶೇಷಗಳನ್ನು ಹೆಕ್ಕಿ ಚೀಲಕ್ಕೆ ತುಂಬುವಾಗ ಅನುಭವಿ ಮೊದಲು ಹುಡುಕುವುದು ಮುರಿದ ಜಾಗವನ್ನು. ಮರ ಸೀಳಿತೇ, ಅಂಟು ಬಿಟ್ಟಿತೇ, ತಂತಿ ಕಳಚಿತೇ ಎಂಬುದು ಗೊತ್ತಾದರೆ ಮುಂದಿನ ವಿಮಾನದಲ್ಲಿ ಆ ತಪ್ಪಿರುವುದಿಲ್ಲ. ಎಂಜಿನ್ ಉಳಿದಿದ್ದರೆ ಸಾಕು, ನಕ್ಷೆ ಹೇಗೂ ಮನೆಯ ಗೋಡೆಯ ಮೇಲಿದೆ.