ಕೈ ತೊಳೆದುಕೊಂಡು ಊಟಕ್ಕೆ ಬಾ

ಕೊಲೆಯ ಸಿನಿಮಾಗಳಲ್ಲಿ ರಕ್ತವನ್ನು ನಾವು ಹೇಗೋ ನೋಡಿಬಿಡುತ್ತೇವೆ. ಕಣ್ಣಿಗೆ ಕೈ ಅಡ್ಡ ಹಿಡಿಯಬಹುದು, ಬರೀ ಬಣ್ಣದ ನೀರು ಅಂತ ಸಮಾಧಾನ ಹೇಳಿಕೊಳ್ಳಬಹುದು. ಆದರೆ ಅದೇ ಸಿನಿಮಾದಲ್ಲಿ ಯಾರೋ ನೆಮ್ಮದಿಯಾಗಿ ಕೂತು ಉಣ್ಣುವ ದೃಶ್ಯ ಬಂತೆನ್ನಿ, ಹೊಟ್ಟೆಯೊಳಗೆ ಕಿವುಚಿದಂತಾಗುತ್ತದೆ. ಯಾಕೆ ಹೀಗೆ? ಕೊಲೆಗಾರನೂ ನಮ್ಮಂತೆಯೇ ಮನುಷ್ಯ ಎಂದು ತೋರಿಸಲು ಇಂಥ ದೃಶ್ಯ ಹಾಕುತ್ತಾರೆ ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ನಮಗೆ ಇದು ಸಾಲದೆನಿಸುತ್ತದೆ.

ಊಟದ ವಿಷಯದಲ್ಲಿ ನಾವು ಕನ್ನಡಿಗರು ಎಷ್ಟೊಂದು ಕಟ್ಟಳೆಗಳ ನಡುವೆ ಬೆಳೆದಿದ್ದೇವೆ, ನೋಡಿ. ಕೈಕಾಲು ತೊಳೆದು ಕೂರಬೇಕು. ಬಡಿಸಿದ್ದನ್ನು ಬಿಡಬಾರದು. ಅರ್ಧಕ್ಕೆ ಎದ್ದು ಹೋಗಬಾರದು. ಉಂಡ ಮನೆಯ ಜಂತೆ ಎಣಿಸಬಾರದು. ಮೊದಲ ಮೂರು ಕೂತವರನ್ನು ಕೂತಲ್ಲೇ ಕಟ್ಟಿಹಾಕುತ್ತವೆ. ಕೊನೆಯದು, ಅನ್ನ ಇಟ್ಟವರಿಗೂ ಉಂಡವರಿಗೂ ನಡುವೆ ಒಂದು ಋಣ ಹುಟ್ಟಿಸುತ್ತದೆ. ಎಲೆಯ ಮುಂದೆ ಕೂತವನು ಕತ್ತಿ ಕೆಳಗಿಟ್ಟಿದ್ದಾನೆ ಎಂಬ ನಂಬಿಕೆಯ ಮೇಲೆ ಪಂಕ್ತಿಭೋಜನವೆಲ್ಲ ನಿಂತಿದೆ. ಒಳ್ಳೆಯ ಅಪರಾಧ ಚಿತ್ರಗಳು ಕೈ ಹಾಕುವುದು ಈ ನಂಬಿಕೆಗೇ.

ಮಾರ್ಟಿನ್ ಸ್ಕಾರ್ಸೆಸಿಯ 'ಗುಡ್‌ಫೆಲ್ಲಾಸ್' (1990) ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. ಒಬ್ಬನನ್ನು ಬಡಿದು ಕಾರಿನ ಡಿಕ್ಕಿಗೆ ತುರುಕಿಕೊಂಡು ಮೂವರು ಗೆಳೆಯರು ನಡುರಾತ್ರಿ ಟಾಮಿಯ ಮನೆಗೆ ಬರುತ್ತಾರೆ. ಬಂದದ್ದು ಹೂಳಲು ಸಲಿಕೆ ಬೇಕೆಂದು. ಸದ್ದಿಗೆ ತಾಯಿ ಎದ್ದುಬಿಡುತ್ತಾಳೆ. ಎಷ್ಟು ಹೊತ್ತಾದರೂ ಸರಿ, ಉಣ್ಣದೆ ಹೋಗುವ ಹಾಗಿಲ್ಲ! ನಮ್ಮ ಹಾಸನದ ಅಜ್ಜಿಗೂ ಈ ಇಟಾಲಿಯನ್ ತಾಯಿಗೂ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಆಕೆ ಬಡಿಸುತ್ತಾಳೆ, ಮಗನಿಗೆ ಮದುವೆಯಾಗು ಅನ್ನುತ್ತಾಳೆ, ತಾನು ಬರೆದ ಚಿತ್ರ ತೋರಿಸುತ್ತಾಳೆ. ಮಗ ದಾರಿಯಲ್ಲಿ ಜಿಂಕೆಗೆ ಕಾರು ಬಡಿಯಿತೆಂದು ಸುಳ್ಳು ಹೇಳಿ ಅಡುಗೆಮನೆಯ ಚಾಕು ಕೇಳುತ್ತಾನೆ. ಡಿಕ್ಕಿಯಲ್ಲಿರುವವನಿಗೆ ಇನ್ನೂ ಜೀವವಿದೆ. ತಾಯಿಯ ಪಾತ್ರ ಮಾಡಿದವರು ನಿರ್ದೇಶಕನ ಸ್ವಂತ ತಾಯಿ ಕ್ಯಾಥರೀನ್ ಸ್ಕಾರ್ಸೆಸಿ. ಅವರ ಮಾತು ಮನೆಮಾತಿನಂತಿರುವುದರಿಂದ ನಾವು ನಗುತ್ತೇವೆ. ನಕ್ಕ ಮೇಲೆ ನಾವೂ ಆ ಮೇಜಿಗೆ ಕೂತಂತಾಯಿತು. ಆ ಅಮ್ಮನ ಕೈಯೂಟದ ಋಣ ನಮಗೂ ಸ್ವಲ್ಪ ಅಂಟಿಕೊಂಡಿತು.

ಇದಕ್ಕಿಂತ ಭಯಂಕರವಾದ ಊಟವೊಂದು ನಮ್ಮ ಬಾಥೆಲ್‌ನ ನೆರೆಹೊರೆಯಲ್ಲೇ ನಡೆದಿದೆ. ಡೇವಿಡ್ ಲಿಂಚ್ ಮತ್ತು ಮಾರ್ಕ್ ಫ್ರಾಸ್ಟ್ ಕಟ್ಟಿದ 'ಟ್ವಿನ್ ಪೀಕ್ಸ್' ಧಾರಾವಾಹಿ 1990ರಲ್ಲಿ ಟಿವಿಯಲ್ಲಿ ಬಂತು. ಅದರ ಹೊರಾಂಗಣದಲ್ಲಿ ಬಹಳಷ್ಟು ಸ್ನೋಕ್ವಾಲ್ಮಿ, ನಾರ್ತ್ ಬೆಂಡ್ ಕಡೆಯದು. ಊರಿನಿಂದ ನೆಂಟರು ಬಂದಾಗ ನಾವು ತಪ್ಪದೆ ಕರೆದೊಯ್ಯುವ ಸ್ನೋಕ್ವಾಲ್ಮಿ ಜಲಪಾತವೇ ಅದರ ಶೀರ್ಷಿಕೆಯಲ್ಲಿ ಧುಮುಕುವುದು. ಪತ್ತೇದಾರ ಕೂಪರ್ ಚೆರಿ ಪೈ ತಿಂದು ಕಾಫಿ ಕುಡಿದು ಹೊಗಳುವ ಹೋಟೆಲು ನಾರ್ತ್ ಬೆಂಡ್‌ನದು. ಆಗ ಅದರ ಹೆಸರು ಮಾರ್-ಟಿ, ಆಮೇಲೆ ಟ್ವೀಡ್ಸ್ ಆಯಿತು. 2000ದಲ್ಲಿ ಬೆಂಕಿಗೆ ಸಿಕ್ಕ ಅದರ ಒಳಾಂಗಣವನ್ನು 2017ರ ಹೊಸ ಸರಣಿಗಾಗಿ ಮತ್ತೆ ಹಳೆಯ ರೂಪಕ್ಕೆ ತಂದರು. ಪೈ ತಿಂದು ಫೋಟೋ ತೆಗೆಸಿಕೊಂಡು ಬಂದವರು ನಮ್ಮಲ್ಲೂ ಇದ್ದಾರೆ. ಆದರೆ ಕತೆಯಲ್ಲಿ ಕೊಲೆಯಾದ ಹುಡುಗಿ ಲಾರಾ ಪಾಮರ್, ಅದೇ ಹೋಟೆಲಿನಿಂದ ಮನೆ ಬಿಟ್ಟು ಹೊರಬರಲಾಗದ ಮುದುಕರಿಗೆ ಊಟ ಒಯ್ದು ಕೊಡುತ್ತಿದ್ದವಳು ಎಂಬುದು ಪೈಯ ಸಿಹಿಯಲ್ಲಿ ಮರೆತೇಹೋಗುತ್ತದೆ. ಊರಿಗೆಲ್ಲ ಅನ್ನ ಮುಟ್ಟಿಸಿದವಳಿಗೆ ತನ್ನ ಮನೆಯ ಊಟದ ಮೇಜಿನಲ್ಲಿ ಏನಾಗುತ್ತಿತ್ತು? ಅದು ತಿಳಿಯಲು 1992ರ 'ಫೈರ್ ವಾಕ್ ವಿತ್ ಮಿ' ಸಿನಿಮಾ ನೋಡಬೇಕು. (ರಹಸ್ಯ ಮೊದಲೇ ತಿಳಿಯಬಾರದೆನ್ನುವವರು ಮುಂದಿನ ಪ್ಯಾರಾ ಹಾರಿಸಿ.)

ಪಾಮರ್ ಮನೆಯಾಗಿ ಕಾಣುವುದು ನಮ್ಮ ಉತ್ತರಕ್ಕಿರುವ ಎವರೆಟ್‌ನ ಒಂದು ಸಾಧಾರಣ ಮನೆ. ರಾತ್ರಿಯೂಟಕ್ಕೆ ಅಪ್ಪ, ಅಮ್ಮ, ಮಗಳು. ಅಪ್ಪ ಮಗಳ ಕೈ ಹಿಡಿದು ನೋಡುತ್ತಾನೆ. ಕೈ ತೊಳೆದಿಲ್ಲ, ಉಗುರಿನಡಿ ಕೊಳೆ ಇದೆ ಅನ್ನುತ್ತಾನೆ. ಕೊರಳ ಸರ ಯಾರು ಕೊಟ್ಟದ್ದೆಂದು ಕೇಳುತ್ತಾನೆ, ಕೆನ್ನೆ ಹಿಂಡುತ್ತಾನೆ. ಇಷ್ಟೇ. ಒಂದು ಹನಿ ರಕ್ತವಿಲ್ಲ. ಪ್ರತಿ ಮನೆಯಲ್ಲೂ ಪ್ರತಿ ರಾತ್ರಿ ಕೇಳುವ 'ಕೈ ತೊಳೆದುಕೊಂಡು ಬಾ' ಎಂಬ ಮಾತು ಇಲ್ಲಿ ಉಸಿರು ಕಟ್ಟಿಸುತ್ತದೆ. ಯಾಕೆಂದರೆ ವರ್ಷಗಟ್ಟಲೆ ಆ ಮಗಳ ಮೇಲೆ ಅತ್ಯಾಚಾರ ನಡೆಸಿದವನು, ಕೊನೆಗೆ ಕೊಲ್ಲುವವನು ಆ ಅಪ್ಪನೇ. ಕೊಳೆ ಅವನದು, ತೊಳೆಯಬೇಕಾದವಳು ಅವಳು. ಅವಳಾದರೋ ಏಳುವ ಹಾಗಿಲ್ಲ. ಊಟದ ಹೊತ್ತಿಗೆ ಏಳಬಾರದೆಂಬ ಮನೆಯ ಶಿಸ್ತೇ ಅವಳನ್ನು ಅಲ್ಲಿ ಕೂರಿಸಿದೆ. ನಮ್ಮನ್ನು ಹೆಚ್ಚು ಕಾಡಿದವಳು ತಾಯಿ ಸಾರಾ. ಅವಳಿಗೆ ಅದು ಇಷ್ಟವಿಲ್ಲ, ಬಿಡಿ ಅಂತ ಗಂಡನಿಗೆ ಹೇಳುತ್ತಾಳೆ. ಅಂದರೆ ಏನೋ ಗೊತ್ತಿದೆ. ಆದರೂ ಬಡಿಸಿದ ಊಟ ತಣ್ಣಗಾಗುತ್ತಿದೆ, ಯಾರೂ ಮೇಜು ಬಿಟ್ಟು ಹೊರಡುವುದಿಲ್ಲ. ಚಿತ್ರ ಬಿಡುಗಡೆಯಾದಾಗ ವಿಮರ್ಶಕರಲ್ಲಿ ಬಹಳ ಮಂದಿ ಇದನ್ನು ತಳ್ಳಿಹಾಕಿದ್ದರು. ಪೈ, ಕಾಫಿಯ ತಮಾಷೆ ಬೇಕಿದ್ದವರಿಗೆ ಈ ಊಟ ಇಳಿಯಲಿಲ್ಲವೆಂದು ಕಾಣುತ್ತದೆ.

ಮೇಜಿನ ಸುತ್ತಲಿನ ಈ ಮೌನ ನಮ್ಮ ಸಾಹಿತ್ಯಕ್ಕೆ ಹೊಸದಲ್ಲ. ವಿವೇಕ ಶಾನಭಾಗರ 'ಘಾಚರ್ ಘೋಚರ್' ಕಾದಂಬರಿಯಲ್ಲಿ ಚಿಕ್ಕಪ್ಪನನ್ನು ಹುಡುಕಿಕೊಂಡು ಹೆಂಗಸೊಬ್ಬಳು ಅವನಿಗಿಷ್ಟವಾದ ಬೇಳೆಯ ಅಡುಗೆ ಮಾಡಿಕೊಂಡು ಬಾಗಿಲಿಗೆ ಬರುತ್ತಾಳೆ. ಮನೆಯ ಹೆಂಗಸರ ಬೈಗುಳದ ನಡುವೆ ಅದು ಬೀದಿಯಲ್ಲಿ ಚೆಲ್ಲಿಹೋಗುತ್ತದೆ. ಆ ಮನೆ ಎಷ್ಟಕ್ಕೆ ಸಿದ್ಧವಿದೆ ಎಂಬುದು ನಮಗೆ ತಿಳಿಯುವುದು ಆಗಲೇ. ಮುಂದಿನದಕ್ಕೆ ಲೇಖಕರು ಹೆಚ್ಚು ಹೇಳಬೇಕಾಗಿಯೇ ಇಲ್ಲ.

ಹಾಗಾದರೆ ಅಪರಾಧದ ಕತೆಯಲ್ಲಿ ಉಣ್ಣುವುದೆಲ್ಲ ಹೀಗೆ ಮೋಸದ್ದೇ? ದೇವನೂರ ಮಹಾದೇವರ 'ಒಡಲಾಳ' ನೆನಪಿಸಿಕೊಳ್ಳಿ. ಸಾಹುಕಾರನ ಕಡಲೆಕಾಯಿ ಮೂಟೆ ಕದ್ದು ತಂದು ಸಾಕವ್ವನ ಮನೆಮಂದಿಯೆಲ್ಲ ರಾತ್ರಿ ಸುತ್ತ ಕೂತು ತಿನ್ನುತ್ತಾರೆ. ಕಾನೂನಿನ ಕಣ್ಣಲ್ಲಿ ಅಪರಾಧ ನಡೆಯುತ್ತಿರುವುದು ಅವರ ಬಾಯಲ್ಲೇ, ಸಾಕ್ಷಿಯನ್ನೇ ಅಗಿದು ನುಂಗುತ್ತಿದ್ದಾರೆ. ಆದರೆ ಓದುವ ನಮಗೆ ಅದು ಹಬ್ಬ. ಅಲ್ಲಿ ಯಾರೂ ಯಾರ ಕೈ ಹಿಡಿದು ಕೊಳೆ ಹುಡುಕುವುದಿಲ್ಲ, ಯಾರನ್ನೂ ಶಿಸ್ತು ಕೂರಿಸಿಲ್ಲ, ಹಸಿವೆ ಕೂರಿಸಿದೆ. ಭಯ ಬರುವುದು ಹೊರಗಿನಿಂದ, ಪೊಲೀಸರ ಜೊತೆ. ಎವರೆಟ್‌ನ ಮನೆಯಲ್ಲಾದರೆ ಪೊಲೀಸರು ಬಾಗಿಲು ತಟ್ಟುವುದು ಮಗಳು ಸತ್ತ ಮೇಲೆ.

ಚಿತ್ರವನ್ನು ನೋಡಬೇಕೆನ್ನುವವರು ಮಕ್ಕಳು ಮಲಗಿದ ಮೇಲೆ ನೋಡಿ. ಊಟ ಮುಗಿಸಿಕೊಂಡೇ ಕೂತರೆ ವಾಸಿ. ಎವರೆಟ್‌ನ ಆ ಮನೆ ಬೇರೆಯವರ ವಾಸದ ಮನೆ. ಹುಡುಕಿಕೊಂಡು ಹೋಗುವವರು ದಯವಿಟ್ಟು ರಸ್ತೆಯಿಂದಲೇ ನೋಡಿ ಬನ್ನಿ.